ಟ್ರ್ಯಾಕ್ಟರ್ ಕಾಕ ರಸ್ತೆ ಬಿಡಿಸಿದ ದಿನ

ಕಳೆದ ತಿಂಗಳು ಬೆಳಿಗ್ಗೆ ಮೀನು ತರಲೆಂದು ಮಂಗಳೂರಿನ ದಕ್ಕೆಗೆ ಹೋಗಿದ್ದೆ. ಕಡಲಿಗೆ ಹೊರಡಲಿದ್ದ ಬೋಟೊಂದಕ್ಕೆ ಮಂಜುಗಡ್ಡೆ ತುಂಬಿಸುತ್ತಿದ್ದರು. ಪುಡಿ ಮಾಡಿದ ಮಂಜುಗಡ್ಡೆ ಸಿಮೆಂಟು ನೆಲದ ಮೇಲೆ ರಾಶಿ ಬಿದ್ದಿತ್ತು. ಒಬ್ಬಾತ ಅದನ್ನು ಸಲಿಕೆಯಿಂದ ಎಳೆದೆಳೆದು ಬುಟ್ಟಿಗೆ ಹಾಕುತ್ತಿದ್ದ. ಅಷ್ಟರಲ್ಲಿ ಬೋಟಿನ ಎಂಜಿನ್ ಶುರುವಾಯಿತು. ಡೀಸೆಲ್ ಹೊಗೆಯೂ ಮಂಜುಗಡ್ಡೆಯ ಥಂಡಿಯೂ ಒಟ್ಟಿಗೇ ಬಂದು ಮುಖಕ್ಕೆ ಬಡಿದವು. ನಾನು ಕೈಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಆ ವಾಸನೆ ನನಗೆ ಗೊತ್ತಿತ್ತು... ಮೂವತ್ತೆಂಟು ವರ್ಷಗಳ ಹಿಂದೆ, ಸೌದಿಯ ಬೆಟ್ಟದ ರಸ್ತೆಯೊಂದರಲ್ಲಿ, ಎರಡೂವರೆ ಗಂಟೆ ಹೊತ್ತು ಅದನ್ನೇ ಉಸಿರಾಡಿದ್ದೆ.

ಸೌದಿ ಎಂದರೆ ಬರೀ ಮರಳು ಎಂದುಕೊಂಡವರೇ ಹೆಚ್ಚು. ನಾನೂ ಹಾಗೆಯೇ ಅಂದುಕೊಂಡು ಹೋದವನು. ಆದರೆ ನನಗೆ ಕೆಲಸ ಸಿಕ್ಕಿದ್ದು ಅಭಾ ಪಟ್ಟಣದಿಂದ ಒಂದೂವರೆ ಗಂಟೆ ದೂರದ ಹಳ್ಳಿಯೊಂದರ ಚಿಕಿತ್ಸಾಲಯದಲ್ಲಿ, ಔಷಧಿ ಕೊಡುವ ಕೆಲಸ. ಮೋಡ ಅಂಗಳಕ್ಕೆ ಇಳಿಯುವಷ್ಟು ಎತ್ತರದ ಊರು. ಬೆಟ್ಟದ ಮೈಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಗದ್ದೆಗಳು, ಅವುಗಳಲ್ಲಿ ಗೋಧಿ, ಜೋಳ, ದಾಳಿಂಬೆ. ಬೇಸಿಗೆಯ ಮೊದಲು ಅಲ್ಲಿ ಮಳೆ ಬರುತ್ತಿತ್ತು. ಕೆಲವೊಮ್ಮೆ ಮಳೆಯ ಜೊತೆ ಆಲಿಕಲ್ಲು. ನಮ್ಮೂರಿನ ಹಾಗೆ ನಾಲ್ಕು ಕಲ್ಲು ಬಿದ್ದು ಮಕ್ಕಳು ಆರಿಸಿಕೊಳ್ಳುವ ಆಲಿಕಲ್ಲಲ್ಲ ಅದು. ಸುರಿಯಲು ಹಿಡಿದರೆ ರಸ್ತೆ, ಗದ್ದೆ, ಕಾರುಗಳ ನೆತ್ತಿ ಎಲ್ಲ ಬೆಳ್ಳಗಾಗಿ, ತಗ್ಗಿದ್ದಲ್ಲಿ ಮೊಣಕಾಲಿನವರೆಗೆ ಗಟ್ಟಿ ಹಿಮವಾಗಿ ಕೂತುಬಿಡುತ್ತಿತ್ತು.

ಅಲ್ಲಿ ನಾನೂ ನನ್ನ ಹೆಂಡತಿಯೂ ಬಿಟ್ಟರೆ ನಮ್ಮ ಊರಿನ ಕಡೆಯವರೆಂದು ಇದ್ದದ್ದು ಇನ್ನೊಬ್ಬರು ಮಾತ್ರ. ಬಂಟ್ವಾಳದ ಆಚೆಯವರು, ಐವತ್ತು ದಾಟಿದವರು. ಡ್ರೈವರ್ ವೀಸಾದಲ್ಲಿ ಬಂದಿದ್ದವರನ್ನು ಕಫೀಲ್, ಅಂದರೆ ವೀಸಾ ಕೊಟ್ಟ ಯಜಮಾನ, ತನ್ನ ಗದ್ದೆಗಳಿಗೆ ಹಚ್ಚಿದ್ದ. ಅವರ ಪಾಲಿಗೆ ಬಂದದ್ದು ಬಣ್ಣವೆಲ್ಲ ಹೋಗಿ ತುಕ್ಕು ಮಾತ್ರ ಉಳಿದಿದ್ದ ಒಂದು ಹಳೆಯ ಟ್ರ್ಯಾಕ್ಟರು. ಊರವರೆಲ್ಲ ಅವರನ್ನು ಅರಬಿಯಲ್ಲಿ ಏನೋ ಕರೆಯುತ್ತಿದ್ದರು. ನಮಗೆ ಅವರು ಟ್ರ್ಯಾಕ್ಟರ್ ಕಾಕ.

ಕಾಕನಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಊರಿನಿಂದ ಮಗಳು ಬರೆಯುವ ಕಾಗದಗಳನ್ನು ಶುಕ್ರವಾರ ಜುಮಾ ನಮಾಜು ಮುಗಿಸಿ ನಮ್ಮ ಮನೆಗೆ ತರುತ್ತಿದ್ದರು. ನಾನು ಓದುತ್ತಿದ್ದೆ. ಕಾಕ ಗೋಡೆಗೊರಗಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಹೆಂಡತಿಯ ವಿಷಯ ಬಂದಲ್ಲಿ, “ಅದನ್ನು ಇನ್ನೊಮ್ಮೆ ಓದು” ಎನ್ನುತ್ತಿದ್ದರು. ಅವರ ಹೆಂಡತಿಗೆ ಹೃದಯದ ತೊಂದರೆ ಇತ್ತು. ಕಾಗದದಲ್ಲಿ ಅದನ್ನು ಮಗಳು ಯಾವಾಗಲೂ ‘ಉಮ್ಮನಿಗೆ ಸ್ವಲ್ಪ ಆಯಾಸ’ ಎಂದಷ್ಟೇ ಬರೆಯುತ್ತಿದ್ದಳು. ನಾನು ಆ ಸಾಲು ಓದಿದಾಗ ಕಾಕ ನನ್ನ ಮುಖ ನೋಡುತ್ತಿದ್ದರು, ಕಾಗದದಲ್ಲಿ ಬೇರೇನಾದರೂ ಇದ್ದು ನಾನು ಮುಚ್ಚಿಡುತ್ತಿದ್ದೇನೋ ಎನ್ನುವಂತೆ. “ಇಲ್ಲ ಕಾಕ, ಇಷ್ಟೇ ಇರುವುದು” ಎನ್ನುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು. “ನೀನು ಹೇಳಿದ ಮೇಲೆ ಆಯಿತು.”

ಮೂರು ವರ್ಷಗಳ ನಂತರ ಅವರಿಗೆ ರಜೆ ಸಿಕ್ಕಿತ್ತು. ಇನ್ನು ಮೂರು ವಾರದಲ್ಲಿ ಹೊರಡುವುದಿತ್ತು. ಊರಿಗೆ ಹೋಗಿ ಬರುವ ಅನುಮತಿಯ ಮೊಹರು ಬಿದ್ದ ಪಾಸ್‌ಪೋರ್ಟನ್ನು ಕಫೀಲ್ ಅವರ ಕೈಗೇ ಕೊಟ್ಟಿದ್ದ. ಕಾಕನಿಗೆ ಅದನ್ನು ಕೋಣೆಯಲ್ಲಿಟ್ಟು ಹೋಗಲು ಧೈರ್ಯವಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬನಿಯನ್ನಿನ ಒಳಗೆ ಎದೆಗೆ ಕಟ್ಟಿಕೊಂಡು ಗದ್ದೆ ಉಳುತ್ತಿದ್ದರು. ನನ್ನ ಹೆಂಡತಿ, ಆಗ ತುಂಬು ಬಸುರಿ, ಅದನ್ನು ಹೇಳಿ ಹೇಳಿ ನಗುತ್ತಿದ್ದಳು.

ಆ ದಿನ ಬೆಳಿಗ್ಗೆ ಹನ್ನೊಂದೂವರೆಗೆ ಚಿಕಿತ್ಸಾಲಯದ ಫೋನ್ ಬಡಿಯಿತು. ಊರಿನಲ್ಲಿ ನಮ್ಮವರ ಕೈಗೆ ಸಿಗುವ ಫೋನ್ ಅದೊಂದೇ. ರಿಯಾದಿನಿಂದ ಕಾಕನ ಹೆಂಡತಿಯ ತಮ್ಮ ಮಾತಾಡುತ್ತಿದ್ದ. “ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ತುಂಬ ಸೀರಿಯಸ್ ಉಂಟಂತೆ. ಭಾವನನ್ನು ಕೇಳ್ತಾ ಇದ್ದಾಳಂತೆ. ಸಂಜೆ ಏಳಕ್ಕೆ ಅಭಾದಿಂದ ಇಲ್ಲಿಗೆ ವಿಮಾನ ಉಂಟು. ಹೇಗಾದರೂ ಅದಕ್ಕೆ ಹತ್ತಿಸಿ. ಬೊಂಬಾಯಿಯ ಟಿಕೆಟ್ ನಾನು ಮಾಡಿಸಿ ಇಡ್ತೇನೆ.” ನಾನು ಔಷಧಿ ಚೀಟಿಯೊಂದರ ಹಿಂದೆ ವಿಮಾನದ ಸಮಯ ಬರೆದುಕೊಂಡು ಕಿಸೆಗಿಟ್ಟೆ. ಗದ್ದೆಯ ಕಡೆ ಹೊರಟೇಬಿಟ್ಟಿದ್ದೆ. ಬಾಗಿಲಲ್ಲೇ ಪಕ್ಕದ ಮನೆಯ ಹೆಂಗಸು ಓಡಿ ಬಂದಳು. ನನ್ನ ಹೆಂಡತಿಗೆ ನೋವು ಶುರುವಾಗಿತ್ತು.

ದಿನ ತುಂಬಲು ಇನ್ನೂ ಎರಡು ವಾರವಿತ್ತು. ಈಜಿಪ್ಟಿನ ಡಾಕ್ಟರು ನೋಡಿ, ಮಗು ಅಡ್ಡ ಮಲಗಿದೆ, ಇಲ್ಲಿ ಆಗುವುದಿಲ್ಲ, ಈಗಲೇ ಅಭಾಕ್ಕೆ ಒಯ್ಯಿರಿ ಎಂದರು. ಅವರು ಹಾಗೆ ಹೇಳುತ್ತಿರುವಾಗಲೇ ಹಗಲು ಕತ್ತಲಾಯಿತು. ತಗಡಿನ ಮೇಲೆ ಮೊದಲ ಕಲ್ಲು ಬಿದ್ದ ಸದ್ದು ಕೇಳಿತು. ಮುಕ್ಕಾಲು ಗಂಟೆ ಒಂದೇ ಸಮನೆ ಸುರಿಯಿತು. ನಿಂತಾಗ ಊರು ಗುರುತು ಸಿಗದಂತಾಗಿತ್ತು. ಆಂಬ್ಯುಲೆನ್ಸಿನ ಸೂಡಾನಿ ಡ್ರೈವರ್ ಮೊದಲ ತಿರುವಿನವರೆಗೆ ಹೋಗಿ ಹಿಂದೆ ಬಂದ. ಗಾಡಿ ಜಾರುತ್ತದೆ, ಆಚೆ ಬದಿ ಪ್ರಪಾತ, ಅಭಾದಿಂದ ಯಂತ್ರ ಬಂದು ರಸ್ತೆ ಬಿಡಿಸುವಾಗ ನಾಳೆಯಾಗುತ್ತದೆ ಎಂದ.

ನಾನು ಕಾಕನ ಬಳಿಗೆ ಓಡಿದೆ. ಕಿಸೆಯಲ್ಲಿ ಚೀಟಿ ಇತ್ತು. ಎರಡು ಸುದ್ದಿ ಹೊತ್ತು ಓಡಿದವನು ಒಂದನ್ನು ಮಾತ್ರ ಹೇಳಿದೆ.

“ಎಂತ ಮಾರಾಯ, ಹೀಗೆ ನಡುಗುವುದು?” ಎಂದರು ಕಾಕ. “ಗಾಡಿ ತರಲಿಕ್ಕೆ ಹೇಳು. ನಾನು ಮುಂದೆ ಹೋಗ್ತೇನೆ.”

ಗದ್ದೆ ಸಮ ಮಾಡುವ ಕಬ್ಬಿಣದ ಹಲಗೆಯೊಂದು ಟ್ರ್ಯಾಕ್ಟರಿನ ಹಿಂಭಾಗಕ್ಕಿತ್ತು. ಅದರಿಂದ ಆಲಿಕಲ್ಲು ತಳ್ಳಬೇಕಾದರೆ ಟ್ರ್ಯಾಕ್ಟರನ್ನು ಹಿಮ್ಮುಖವಾಗಿಯೇ ಓಡಿಸಬೇಕು. ಕಾಕ ಹಾಗೆಯೇ ಓಡಿಸಿದರು. ಸೊಂಟ ತಿರುಗಿಸಿ, ಕತ್ತು ಹಿಂದಕ್ಕೆ ಹೊರಳಿಸಿ, ಒಂದು ಕೈ ಸ್ಟೇರಿಂಗಿನ ಮೇಲೆ. ಸ್ವಲ್ಪ ತಳ್ಳುವುದು, ರಾಶಿ ದೊಡ್ಡದಾದಾಗ ಅಂಚಿನಿಂದ ಕಣಿವೆಗೆ ಉರುಳಿಸುವುದು, ಮುಂದೆ ಬರುವುದು, ಮತ್ತೆ ಹಿಂದೆ ತಳ್ಳುವುದು. ಕಲ್ಲುಗಳು ಕಣಿವೆಗೆ ಜಾರುವ ಸದ್ದು ಅಕ್ಕಿ ಸುರಿದಂತೆ ಕೇಳಿಸುತ್ತಿತ್ತು. ಟ್ರ್ಯಾಕ್ಟರಿನ ಹೊಗೆಯೆಲ್ಲ ನಮ್ಮ ಕಡೆಗೇ. ಅದರ ಮೂತಿ ನಮ್ಮ ಗಾಡಿಗೆ ಎದುರಾಗಿದ್ದುದರಿಂದ ಅವರು ತಲೆ ತಿರುಗಿಸಿದಾಗಲೆಲ್ಲ ನಾನು ಕಾಣುತ್ತಿದ್ದೆ. ಪ್ರತಿ ಸಲವೂ ಅವರು ಕೈಯೆತ್ತಿ ನಗುತ್ತಿದ್ದರು, ಹೆದರಬೇಡ ಎನ್ನುವಂತೆ.

ಹೇಳಬೇಕೆಂದು ಎರಡು ಸಲ ಬಾಗಿಲ ಹಿಡಿಗೆ ಕೈ ಹಾಕಿದೆ. ಪ್ರಪಾತದ ಅಂಚಿನಲ್ಲಿ ಅವರ ಕೈ ನಡುಗಿದರೆ? ಸುದ್ದಿ ಕೇಳಿ ಟ್ರ್ಯಾಕ್ಟರ್ ಬಿಟ್ಟು ನಡೆದೇ ಹೊರಟುಬಿಟ್ಟರೆ? ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ ಸೆರಗಿನ ತುದಿ ಕಚ್ಚಿಕೊಂಡಿದ್ದಳು. ಕೈ ಹಿಂದಕ್ಕೆಳೆದುಕೊಂಡೆ. ಇಲ್ಲಿಯವರೆಗಿನದನ್ನು ನಾನು ನನಗೇ ಕ್ಷಮಿಸಿಕೊಳ್ಳಬಲ್ಲೆ...

ಪೊಲೀಸ್ ಠಾಣೆಯಿರುವ ಕೂಡುರಸ್ತೆಗೆ ಮುಟ್ಟಿದಾಗ ಐದು ಗಂಟೆ. ಅಲ್ಲಿಂದಾಚೆ ಆಲಿಕಲ್ಲು ಬಿದ್ದಿರಲಿಲ್ಲ. ಕಪ್ಪು ರಸ್ತೆ ಒದ್ದೆಯಾಗಿ ಹೊಳೆಯುತ್ತಿತ್ತು. ಕಾಕ ಟ್ರ್ಯಾಕ್ಟರನ್ನು ಬದಿಗೆ ನಿಲ್ಲಿಸಿ ಇಳಿದು ಬಂದರು. ಹುಬ್ಬಿನ ಮೇಲೆಲ್ಲ ಕೆಸರು, ತಿರುಗಿಸಿದ ಕತ್ತು ನೆಟ್ಟಗಾಗಲು ಒಪ್ಪುತ್ತಿರಲಿಲ್ಲ. ಗಾಡಿಯೊಳಗೆ ಬಗ್ಗಿ ನನ್ನ ಹೆಂಡತಿಗೆ, “ಇನ್ನೆಂತ ಇಲ್ಲ ಮಗಳೇ, ಸಲೀಸು ರಸ್ತೆ” ಎಂದರು. ಏಳರ ವಿಮಾನಕ್ಕೆ ಎರಡು ಗಂಟೆ ಇತ್ತು. ಅಭಾ ಅಲ್ಲಿಂದ ಮುಕ್ಕಾಲು ಗಂಟೆ. ಟ್ರ್ಯಾಕ್ಟರನ್ನು ಪೊಲೀಸರ ಹತ್ತಿರ ಬಿಡಬಹುದಿತ್ತು. ಪಾಸ್‌ಪೋರ್ಟು ಅವರ ಎದೆಯ ಮೇಲೇ ಇತ್ತು. ಗಾಡಿಯಲ್ಲಿ ಜಾಗವೂ ಇತ್ತು. ‘ಕಾಕ, ನೀವೂ ಹತ್ತಿ’ ಎಂದಿದ್ದರೆ ಸಾಕಿತ್ತು. ಹೆಂಡತಿ ಚೀರಿದಳು. ಡ್ರೈವರ್ “ಯಲ್ಲಾ, ಯಲ್ಲಾ” ಎಂದು ಅವಸರಿಸಿದ. ಈಗ ಹೇಳಿದರೆ ಅಳು, ಪ್ರಶ್ನೆ, ಹೊತ್ತು ಹೋಗುತ್ತದೆ ಎಂದುಕೊಂಡೆನೋ, ಇಷ್ಟು ಹೊತ್ತು ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆಂದು ಹೆದರಿದೆನೋ, ಈಗಲೂ ನನಗೆ ಸರಿಯಾಗಿ ಗೊತ್ತಿಲ್ಲ. ನಾನು ಹತ್ತಿ ಬಾಗಿಲೆಳೆದುಕೊಂಡೆ. ಕಾಕ ಹಿಂದಿನ ಗಾಜಿಗೆ ಎರಡು ಸಲ ತಟ್ಟಿದರು.

ಸಂಜೆಯ ಮಗ್ರಿಬ್ ಬಾಂಗಿನ ಹೊತ್ತಿಗೆ ಆಪರೇಷನ್ ಆಗಿ ಮಗಳು ಹುಟ್ಟಿದಳು. ಇನ್ನೊಂದು ಗಂಟೆ ತಡವಾಗಿದ್ದರೆ ಇಬ್ಬರನ್ನೂ ಉಳಿಸಲಾಗುತ್ತಿರಲಿಲ್ಲ ಎಂದರು ಅಲ್ಲಿನ ಡಾಕ್ಟರು.

ಮರುದಿನ ಬೆಳಿಗ್ಗೆ ಬಟ್ಟೆಬರೆ ತರಲು ಊರಿಗೆ ಮರಳಿದೆ. ಕಾಕ ಟ್ರ್ಯಾಕ್ಟರಿನ ಗಾಲಿಯ ಕೆಸರು ಕೆರೆಯುತ್ತಿದ್ದರು. ನನ್ನನ್ನು ಕಂಡವರೇ, “ಮಗು ಹೇಗುಂಟು? ಅವಳು?” ಎಂದರು. ಇಬ್ಬರೂ ಕ್ಷೇಮ ಎಂದೆ. ಕೈ ಒರೆಸಿಕೊಂಡು ನನ್ನನ್ನು ಅಪ್ಪಿಕೊಂಡರು. ಆ ಅಪ್ಪುಗೆಯಲ್ಲೇ ಅವರಿಗೆ ಸುದ್ದಿ ಹೇಳಿದೆ. ಅವರ ಕೈ ನನ್ನ ಬೆನ್ನ ಮೇಲೆ ಹಾಗೇ ನಿಂತಿತು.

“ಫೋನ್ ಯಾವಾಗ ಬಂತು?”

“ಈಗ ಕಾಕ. ಈಗ ಬೆಳಿಗ್ಗೆ.”

ಅವರು ನನ್ನ ಮುಖ ನೋಡಿ ತಲೆಯಾಡಿಸಿದರು. ನಾನು ಹೇಳಿದ ಮೇಲೆ ಆಯಿತು.

ಅಂದು ಸಂಜೆಯ ವಿಮಾನ ಹಿಡಿದರು. ರಿಯಾದ್, ಬೊಂಬಾಯಿ, ಅಲ್ಲಿಂದ ಬಸ್ಸು. ಮನೆ ಮುಟ್ಟಿದಾಗ ಮೂರನೆಯ ದಿನದ ಮಧ್ಯಾಹ್ನ. ಅವರ ಹೆಂಡತಿ ಅಂದು ಬೆಳಗಿನ ಜಾವ ತೀರಿಕೊಂಡಿದ್ದರು. ದಫನ ಮಾಡಿ ಬಂದವರು ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದರಂತೆ.

ಮೂರು ತಿಂಗಳ ನಂತರ ಕಾಕ ಮರಳಿ ಬಂದರು. ನಮ್ಮ ಮನೆಗೂ ಬಂದರು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಹಳ ಹೊತ್ತು ಕೂತರು. ದಾಳಿಂಬೆ ಹಣ್ಣಾದಾಗ ತಂದುಕೊಟ್ಟರು. ಯಾವ ಬದಲಾವಣೆಯೂ ಇಲ್ಲ ಎಂದುಕೊಂಡೆ. ಆದರೆ ಮಗಳ ಕಾಗದಗಳು ಮಾತ್ರ ನನ್ನ ಬಳಿ ಬರಲಿಲ್ಲ. ಪೇಟೆಯಲ್ಲಿ ಭಟ್ಕಳದವರೊಬ್ಬರ ಬಟ್ಟೆ ಅಂಗಡಿ ಇತ್ತು. ಕಾಕ ಅಲ್ಲಿ ಕೂತು ಓದಿಸಿಕೊಳ್ಳುತ್ತಾರೆಂದು ಯಾರೋ ಹೇಳಿದರು. ಆಗ ನನಗೆ ಅರ್ಥವಾಯಿತು. ರಿಯಾದಿನಲ್ಲಿ ಭಾವ ಮೈದುನರು ಮಾತಾಡಿಕೊಂಡಿರುತ್ತಾರೆ. ಫೋನ್ ಯಾವ ದಿನ, ಎಷ್ಟು ಗಂಟೆಗೆ ಬಂತೆಂದು ಅವರಿಗೆ ತಿಳಿಯದೇ ಇರುತ್ತದೆಯೇ?

ಒಂದು ಶುಕ್ರವಾರ ತಡೆಯಲಾಗದೆ ಮಸೀದಿಯ ಹೊರಗೆ ಅವರನ್ನು ನಿಲ್ಲಿಸಿದೆ. “ಕಾಕ, ಆ ದಿನ ನಾನು...” ಎಂದು ಶುರು ಮಾಡಿದೆ.

“ಬೇಡ” ಎಂದರು. ಚಪ್ಪಲಿ ಹಾಕಿಕೊಂಡು ಎರಡು ಹೆಜ್ಜೆ ಹೋದವರು ನಿಂತರು. “ನೀನು ಹೇಳಿದ್ದರೂ ನಾನು ರಸ್ತೆ ಬಿಡಿಸಿಯೇ ಹೋಗ್ತಿದ್ದೆ, ಮಾರಾಯ. ಅಷ್ಟೂ ಗೊತ್ತಾಗಲಿಲ್ಲವಾ ನಿನಗೆ?”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಮುಂದಿನ ವರ್ಷ ನನಗೆ ಪೂರ್ವ ಕರಾವಳಿಯ ರಾಸ್ ತನೂರಾದ ಕಡೆ ಕೆಲಸವಾಯಿತು. ಹೊರಡುವ ದಿನ ಅವರು ಗದ್ದೆಯಲ್ಲಿದ್ದರು. ದೂರದಿಂದ ಕೈಯೆತ್ತಿದರು... ಮತ್ತೆ ನಾವು ಒಬ್ಬರನ್ನೊಬ್ಬರು ನೋಡಲಿಲ್ಲ. ಊರಿಗೆ ಮರಳಿದ ಮೇಲೆಯೂ ನಾನು ಅವರನ್ನು ಹುಡುಕಿಕೊಂಡು ಹೋಗಲಿಲ್ಲ. ಮಂಗಳೂರಿನಿಂದ ಅವರ ಊರಿಗೆ ಒಂದೂವರೆ ಗಂಟೆಯ ಬಸ್ಸು ಅಷ್ಟೇ.

ದಕ್ಕೆಯಿಂದ ಬಂದ ಮರುದಿನ ಹೋದೆ. ವಿಚಾರಿಸಿದರೆ, ಕಾಕ ತೀರಿಕೊಂಡು ಆರು ವರ್ಷವಾಯಿತೆಂದರು. ಅವರ ಮಗಳು ಬಾಗಿಲು ತೆರೆದಳು. ತಲೆ ನೆರೆತ ಹೆಂಗಸು. ನಾನು ಯಾರೆಂದು ಹೇಳಿದಾಗ ಅವಳ ಮುಖ ಅರಳಿತು. “ನನ್ನ ಕಾಗದ ಓದ್ತಿದ್ದವರು ನೀವೇ ಅಲ್ವಾ? ಉಪ್ಪ ನಿಮ್ಮ ಬಗ್ಗೆ ಎಷ್ಟು ಹೇಳ್ತಿದ್ದರು” ಎಂದು ಕೂರಿಸಿ ಚಾ ತಂದಳು. ಅದೂ ಇದೂ ಮಾತಾಡುತ್ತ, “ಉಮ್ಮ ಹೋಗುವ ಹಿಂದಿನ ದಿನವೆಲ್ಲ ಆಸ್ಪತ್ರೆಯ ಬಾಗಿಲನ್ನೇ ನೋಡ್ತಿದ್ದರು. ಒಂದು ದಿನ ಮೊದಲು ಬರಬಹುದಿತ್ತಲ್ಲ ಅಂತ ನಾನು ಉಪ್ಪನ ಹತ್ತಿರ ಜಗಳ ಮಾಡಿದ್ದೇನೆ. ಆಲಿಕಲ್ಲು ಬಿದ್ದು ರಸ್ತೆ ಕಟ್ಟಿತ್ತು ಅಂತಿದ್ದರು. ಅಷ್ಟೇ ಹೇಳ್ತಿದ್ದರು, ಯಾವಾಗಲೂ” ಎಂದಳು.

ಹೌದು, ಕಟ್ಟಿತ್ತು ಎಂದು ನಾನೂ ಹೇಳಬಹುದಿತ್ತು. ಕಾಕ ನನಗಾಗಿ ಅಷ್ಟು ಜಾಗ ಬಿಟ್ಟು ಹೋಗಿದ್ದರು. ಆದರೆ ಹೇಳಲಾಗಲಿಲ್ಲ. ಹನ್ನೊಂದೂವರೆಯ ಫೋನಿನಿಂದ ಹಿಡಿದು ಮರುದಿನ ಬೆಳಗಿನ ಸುಳ್ಳಿನವರೆಗೆ ಎಲ್ಲವನ್ನೂ ಹೇಳಿದೆ.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಚಾದ ಲೋಟಗಳನ್ನು ತಟ್ಟೆಗೆ ಎತ್ತಿಟ್ಟಳು. ಆಮೇಲೆ ಕೇಳಿದಳು.

“ನಿಮ್ಮ ಮಗಳಿಗೆ ಈಗ ಎಷ್ಟು ವರ್ಷ?”

“ಮೂವತ್ತೆಂಟು.”

“ಉಮ್ಮ ಹೋಗಿಯೂ ಅಷ್ಟೇ ಆಯಿತು” ಎಂದು ಎದ್ದು ಒಳಗೆ ಹೋದಳು.

ಮತ್ತೆ ಹೊರಗೆ ಬರಲಿಲ್ಲ. ನಾನು ಸ್ವಲ್ಪ ಹೊತ್ತು ಕಾದೆ. ಆಮೇಲೆ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಬಸ್ಸಿನ ಕಡೆ ನಡೆದೆ.