ಕಾಯಿ ಒಡೆದ ಮೇಲಿನ ಮಾತು

ದಿಗಂಬರನ ಅಂಗಳದಲ್ಲಿ ಮೊದಲು ತೆಂಗಿನಕಾಯಿ ಒಡೆಯುತ್ತಿತ್ತು, ಆಮೇಲೆ ಗಿರಾಕಿಯ ತಲೆ. ಉದಗೀರದ ಬೀದರ ರಸ್ತೆಯಲ್ಲಿ ಹಳೆಯ ಕಾರು ಮಾರುವ ಆ ಅಂಗಳದಲ್ಲಿ ಮನಿಷಾ ಕೆಲವು ವರ್ಷಗಳಿಂದ ಕೆಲಸಕ್ಕಿದ್ದಳು. ಗಾಡಿಯ ದರ ಅಲ್ಲಿ ಒಂದೇ ಮಾತಿಗೆ ಮುಗಿಯುತ್ತಿತ್ತು. ಮನೆಮಂದಿಯೆಲ್ಲ ಬಂದು, ಗಾಡಿಗೆ ವಿಭೂತಿ ಹಚ್ಚಿ, ಹಾರ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು, ಕಾಯಿ ಒಡೆದು, ಪೇಢೆ ಹಂಚುವವರೆಗೂ ಮೇಲಿನ ಖರ್ಚಿನ ಬಗ್ಗೆ ದಿಗಂಬರ ಬಾಯಿ ಬಿಡುತ್ತಿರಲಿಲ್ಲ. ಅದೆಲ್ಲ ಆದ ಮೇಲೆ ಗಿರಾಕಿಯನ್ನು ಒಳಗೆ ಕರೆದು, ಫ್ಯಾನಿನ ಕೆಳಗೆ ಕೂರಿಸುತ್ತಿದ್ದ.

ಮುಂದಿನದು ಮನಿಷಾಳ ಪಾಲಿನ ಕೆಲಸ. ಹೆಸರು ಬದಲಿಸುವ ಖರ್ಚು, ಫೈಲಿನ ಖರ್ಚು, ಗಾಡಿ ತೊಳೆದ ಖರ್ಚು, ಇಷ್ಟು ದಿನ ಅಂಗಳದಲ್ಲಿ ನಿಂತದ್ದರ ಬಾಡಿಗೆ, ಇವನ್ನೆಲ್ಲ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಯವಾಗಿ ಹೇಳಬೇಕು. ಗಿರಾಕಿ ಹಲ್ಲು ಕಡಿಯುತ್ತಿದ್ದ, ಸಿಡುಕುತ್ತಿದ್ದ, ಕೊನೆಗೆ ಕೊಡುತ್ತಿದ್ದ. ಪೂಜೆಯಾದ ಗಾಡಿಯನ್ನು ಬಿಟ್ಟುಹೋಗುವ ಎದೆ ಯಾರಿಗಿದೆ? ಅಪಶಕುನವಲ್ಲವೇ! ದಿಗಂಬರ ಬದುಕುತ್ತಿದ್ದುದು ಕಾರಿನ ಮೇಲಲ್ಲ, ಆ ಅಂಜಿಕೆಯ ಮೇಲೆ.

ಪೂಜೆಯ ಹೊತ್ತಿಗೆ ಮಾತ್ರ ಮನಿಷಾ ಹೊರಗೆ ಬರುತ್ತಿರಲಿಲ್ಲ, ಒಳಗಿನ ಕಿಟಕಿಯಿಂದಲೇ ನೋಡುತ್ತಿದ್ದಳು. ಅವಳ ಗಂಡ ತೀರಿಕೊಂಡಿದ್ದ. ಬರಬೇಡ ಎಂದು ಯಾರೂ ಅಂದಿರಲಿಲ್ಲ. ಅನ್ನಿಸಿಕೊಳ್ಳುವ ಮುಂಚೆ ತಾನೇ ಒಳಗಿದ್ದುಬಿಡುವುದು ಮರ್ಯಾದೆ ಎಂದು ಭಾಲ್ಕಿಯ ತವರೂ ಕಲಿಸಿತ್ತು, ಉದಗೀರದ ಅತ್ತೆಮನೆಯೂ ಕಲಿಸಿತ್ತು.

ಅಂಥ ಅಂಗಳಕ್ಕೆ ಬಂದವಳು ಪ್ರಯಾಗಬಾಯಿ. ನಿಲಂಗಾ ಕಡೆಯ ಒಕ್ಕಲಿನವಳು, ವಯಸ್ಸು ಅರವತ್ತು. ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ, ಕಾಲಲ್ಲಿ ಗಂಡಸರ ಚಪ್ಪಲಿ. ಗಾಡಿ ನೋಡಲು ಬಂದಾಗಲೆಲ್ಲ ಮನಿಷಾಳೆದುರು ಕೂತು ತನ್ನ ಪುರಾಣ ಬಿಚ್ಚುತ್ತಿದ್ದಳು. ಇಪ್ಪತ್ತೆರಡಕ್ಕೆ ಗಂಡ ಹೋದ, ಮಗ ಧೀರಜ ಆಗಿನ್ನೂ ತೊಟ್ಟಿಲಲ್ಲಿದ್ದ. ಮುಂಡೆಯ ಕೈಯ ಬೀಜ ಮೊಳೆಯುವುದಿಲ್ಲ, ಹೊಲ ನಮಗೆ ಬಿಡು ಎಂದು ಮೈದುನರು ಅಂದರು. ಇವಳು ಉಡಿಯಲ್ಲಿ ಜೋಳ ಕಟ್ಟಿಕೊಂಡು ತಾನೇ ಬಿತ್ತಿದಳು. ಮುಂಜಾನೆ ಇವಳು ಎದುರಾದರೆ ಪಕ್ಕದ ಹೊಲದವನು ಎತ್ತು ತಿರುಗಿಸಿಕೊಂಡು ಮನೆಗೆ ಹೋಗುತ್ತಿದ್ದನಂತೆ. ಈಗ ಮನೆಯಲ್ಲಿ ಜೋಳದ ಕಡಕ್ ರೊಟ್ಟಿ ಬಡಿದು ಉದಗೀರ, ಉಮರ್ಗಾದ ಖಾನಾವಳಿಗಳಿಗೆ ಕೊಡುತ್ತಾಳೆ. ಬಸ್ಸಿನಲ್ಲಿ ಬುಟ್ಟಿ ಹೇರಿದರೆ ಕಂಡಕ್ಟರನ ಜಗಳ, ಇಳಿಸುವಷ್ಟರಲ್ಲಿ ಅರ್ಧ ರೊಟ್ಟಿ ಪುಡಿ. ಅದಕ್ಕೇ ಈ ಬಿಳಿ ವ್ಯಾನು.

ಮಾತಾದದ್ದು ಒಂದು ಲಕ್ಷ ಎಂಬತ್ತು ಸಾವಿರ. ಧೀರಜ ಕಾಯಿ ಒಡೆದು ಪೇಢೆ ಹಂಚಿದ. ತಾಯಿ ಮಗ ಇಬ್ಬರೂ ಒಳಗೆ ಬಂದು ಕೂತರು. ಮನಿಷಾ ತನ್ನ ಪಾಠ ಒಪ್ಪಿಸಿದಳು. ಮೇಲೆ ಇಪ್ಪತ್ಮೂರು ಸಾವಿರ.

"ಇದು ಮೊದಲೇ ಯಾಕ ಹೇಳಲಿಲ್ಲವ್ವಾ?" ಎಂದಳು ಪ್ರಯಾಗಬಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಮನಿಷಾಳಿಗೆ ತಲೆ ಎತ್ತಲಾಗಲಿಲ್ಲ.

ದಿಗಂಬರ ನಡುವೆ ಬಾಯಿ ಹಾಕಿದ. "ಎಲ್ಲಾ ಕಡೆ ಇರೋದೇ ಮಾವಶಿ. ಮತ್ತ ಪೂಜಿ ಬ್ಯಾರೆ ಆಗ್ಯಾದ. ಈಗ ಬಿಟ್ಟು ಹೋದ್ರ ಮನಿಗಿ ಛಲೋ ಅಲ್ರೀ, ನೀವೇ ತಿಳದೋರು."

ಧೀರಜನ ಮುಖ ಬಾಡಿತು. "ಅವ್ವಾ, ಕೊಟ್ಟಬಿಡಮು. ಜ್ವಾಳದ ರೊಕ್ಕ ಅದಾವಲ್ಲ."

ಆ ರೊಕ್ಕವೇ ಅವರ ಬಂಡವಾಳ. ಅದು ಹೋದರೆ ಈ ಸುಗ್ಗಿಯಲ್ಲಿ ಜೋಳ ಕೊಳ್ಳುವಂತಿಲ್ಲ, ಒಲೆ ಹೊತ್ತಿಸುವಂತಿಲ್ಲ.

"ಜ್ವಾಳ ಇಲ್ಲದ ಗಾಡ್ಯಾಗ ಏನ್ ಒಯ್ತಿಯೋ, ಗಾಳಿ?" ಎಂದು ಪ್ರಯಾಗಬಾಯಿ ಎದ್ದಳು. ಪೂಜೆಗೆಂದು ಕೊಟ್ಟಿದ್ದ ಕೀಲಿಯನ್ನು ಮೇಜಿನ ಮೇಲಿಟ್ಟಳು. ದುಡ್ಡಿನ ಚೀಲ ಇನ್ನೂ ಅವಳ ಕಂಕುಳಲ್ಲೇ ಇತ್ತು. ಹೊರಗೆ ಹೋಗಿ, ಹಾರ ಹಾಕಿಕೊಂಡು ನಿಂತ ವ್ಯಾನಿನ ಮೂತಿಯನ್ನು ಎತ್ತಿನ ಮೈ ಸವರುವ ಹಾಗೆ ಸವರಿ, "ನಿಂದೇನ್ ತಪ್ಪಿಲ್ಲ ಬಿಡು" ಎಂದು ರಸ್ತೆಯ ಕಡೆ ನಡೆದೇಬಿಟ್ಟಳು. ಮಗ ಹಿಂದೆ ಹಿಂದೆ ಓಡಿದ.

ಮನಿಷಾ ಕಣ್ಣು ಮಿಟುಕಿಸದೆ ನೋಡಿದಳು. ಆ ಅಂಗಳದಲ್ಲಿ ದೊಡ್ಡ ದೊಡ್ಡ ಮೀಸೆಯವರು ಗೊಣಗುತ್ತ ನೋಟು ಎಣಿಸಿದ್ದನ್ನು ಕಂಡಿದ್ದಳು. ಹೀಗೆ ಬೆನ್ನು ತಿರುಗಿಸಿ ಹೋದವರನ್ನು ಕಂಡಿರಲಿಲ್ಲ. ಮನುಷ್ಯರು ಹೀಗೂ ಇರಬಹುದೇ ಎನಿಸಿತು.

ಜಳಕೋಟದಿಂದ ಗಾಡಿ ನೋಡಲು ಬಂದ ಸಂಸಾರವೊಂದು ಅಂಗಳದಲ್ಲೇ ಇತ್ತು. ಅದರ ಯಜಮಾನ ಹಾರದ ವ್ಯಾನನ್ನೂ, ಹೊರಟುಹೋದ ಮುದುಕಿಯನ್ನೂ ನೋಡಿ ಕೇಳಿದ: "ಪೂಜಿ ಮಾಡಿದ ಗಾಡಿ ಯಾಕ ಬಿಟ್ಟು ಹೋದ್ರು? ಏನರ ದೋಷ ಅದ ಏನು?" ಉತ್ತರಕ್ಕೂ ಕಾಯದೆ ಹೆಂಡತಿಮಕ್ಕಳನ್ನು ಕರೆದುಕೊಂಡು ಸದ್ದಿಲ್ಲದೆ ಗೇಟು ದಾಟಿದ. ತಾನು ತೋಡಿದ ಗುಂಡಿಗೆ ದಿಗಂಬರ ತಾನೇ ಬಿದ್ದಿದ್ದ. ಬಿಟ್ಟುಹೋದ ಈ ಗಾಡಿಯನ್ನು ಈ ಸೀಮೆಯಲ್ಲಿ ಇನ್ನು ಯಾರು ಮುಟ್ಟುತ್ತಾರೆ? ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ, "ಓಡು, ಕರ್ಕೊಂಬಾ ಆಕಿಗಿ. ಮಾತಾಡಿದ ದರಕ್ಕೇ ಒಯ್ಲಿ" ಎಂದು ಮನಿಷಾಳಿಗೆ ಹೇಳಿದ.

ಬೇವಿನ ಮರದ ಕೆಳಗೆ ಬಸ್ಸಿಗೆ ಕಾಯುತ್ತಿದ್ದವಳಿಗೆ ಮನಿಷಾ ಏದುಸಿರಿನಲ್ಲೇ ಸುದ್ದಿ ಮುಟ್ಟಿಸಿದಳು. ಆಮೇಲೆ ತಡೆಯಲಾರದೆ ಕೇಳಿದಳು: "ನಿಮಗ ಅಂಜಿಕಿ ಆಗಲಿಲ್ಲೇನ್ರೀ?"

ಪ್ರಯಾಗಬಾಯಿ ನಕ್ಕಳು. "ಯಾತರ ಅಂಜಿಕಿ? ಮೂವತ್ತೆಂಟು ವರ್ಷ ನನ್ನ ಮಾರಿ ನೋಡಿ ಮಂದಿ ಹಾದಿ ಬಿಟ್ಟಾರ. ಅವರ ಲೆಕ್ಕದಾಗ ನಾನೇ ದೊಡ್ಡ ಅಪಶಕುನ. ನನ್ನ ಹೊಲ ಮಾತ್ರ ನನ್ನ ಮ್ಯಾಲ ಒಂದ್ ವರ್ಷಾನೂ ಮುನಿಸಿಕೊಂಡಿಲ್ಲ ನೋಡು. ಕೊರಳಾಗ ಲಿಂಗ ಕಟ್ಟಿಕೊಂಡು ಇಂಥಾದಕ್ಕ ಅಂಜಿದ್ರ ಲಿಂಗ ಯಾಕ ಬೇಕವ್ವಾ?"

ಲಿಂಗ ಕಟ್ಟಿದವರ ಬಾಯಲ್ಲಿ ಈ ಮಾತನ್ನು ಮನಿಷಾ ಎಷ್ಟೋ ಸಲ ಕೇಳಿದ್ದಳು. ನಡೆದು ತೋರಿಸಿದವಳನ್ನು ಕಂಡದ್ದು ಇದೇ ಮೊದಲು.

ಮಾತಾಡಿದಷ್ಟೇ ದುಡ್ಡು ಕೊಟ್ಟು ಕೀಲಿ ತೆಗೆದುಕೊಂಡದ್ದಾಯಿತು. "ಹೊಂಡ್ರಿ ಮಾವಶಿ, ಪೂಜಿ ಆಗೇ ಆಗ್ಯಾದ" ಎಂದು ದಿಗಂಬರ ಅವಸರ ಮಾಡಿದ.

"ಅದು ನಿನ್ನ ಹೊಟ್ಟಿ ಸಲುವಾಗಿ ಆಗಿತ್ತು. ಈಗ ಗಾಡಿ ಸಲುವಾಗಿ ಆಗ್ಲಿ" ಎಂದು ಅವಳು ಮಗನಿಂದ ಇನ್ನೊಂದು ಕಾಯಿ ತರಿಸಿದಳು. ತರಿಸಿ, ಬಾಗಿಲ ಕಡೆ ತಿರುಗಿ, "ಮನಿಷಾ, ಬಾ ಇಲ್ಲಿ. ನೀ ಒಡಿ" ಎಂದಳು.

"ನಾ ಬ್ಯಾಡ್ರೀ... ನನಗ..."

"ಗೊತ್ತದ. ಪೂಜಿ ನಡದಾಗ ನೀ ಕಿಟಕ್ಯಾಗ ನಿಂತಿದ್ದು ನೋಡೀನಿ. ಮೊದಲ ಎರಡು ವರ್ಷ ನಾನೂ ಅಂಥಾ ಕಿಟಕ್ಯಾಗೇ ನಿಂತಿದ್ದೆ. ಬಾ."

ಮನಿಷಾ ಹೊರಗೆ ಬಂದು ಕಾಯಿ ಕೈಗೆ ತೆಗೆದುಕೊಂಡಳು. ಮೊದಲ ಏಟಿಗೆ ಕಾಯಿ ಒಡೆಯಲಿಲ್ಲ. ಎರಡನೆಯ ಏಟಿಗೆ ಒಡೆದು, ನೀರು ಅವಳ ಪಾದದ ಮೇಲೆಲ್ಲ ಚಿಮ್ಮಿತು. ಪ್ರಯಾಗಬಾಯಿ ಒಂದು ಹೋಳನ್ನು ಅವಳ ಕೈಗೇ ಕೊಟ್ಟು ವ್ಯಾನು ಹತ್ತಿದಳು.

ಮರುದಿನ ಮುರುಮ ಊರಿನ ಗಿರಾಕಿಯೊಬ್ಬ ಮನೆಮಂದಿಯೊಡನೆ ಹಾರ ಹಿಡಿದುಕೊಂಡು ಬಂದ. ಮನಿಷಾ ಕಿಟಕಿಯ ಹತ್ತಿರ ಹೋಗಲಿಲ್ಲ. ಬಿಸಿಲಿಗೆ ಬಂದು, ಗಾಡಿಯ ಪಕ್ಕದಲ್ಲಿ ನಿಂತು, ಕಾಯಿ ಎತ್ತಿದ ಅವನ ಕೈಯನ್ನು ತಡೆದಳು.

"ಸ್ವಲ್ಪ ನಿಲ್ರೀ ಕಾಕಾ. ಮ್ಯಾಲಿನ ಖರ್ಚು ಇನ್ನಾ ಅದಾವ. ಅವಷ್ಟೂ ಕೇಳ್ಕೊಳ್ರಿ, ಆಮ್ಯಾಲೆ ಒಡೀರಿ."