ಮೊದಲ ಲೋಟ ನೀರುಗಂಟಿಯೇ ಕುಡಿಯಬೇಕು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಿರಾ ತಾಲ್ಲೂಕು ಹುಲಿಕುಂಟೆ ಹೋಬಳಿಯ ಈ ಊರಿನ ಮೇಲಿನ ಬೀದಿಯಲ್ಲಿ ನಲ್ಲಿಯ ಮುಂದೆ ಬಿಂದಿಗೆಗಳು ಸಾಲಾಗಿ ಕೂತಿವೆ. ನೀರು ಬಂದು ಆಗಲೇ ಸ್ವಲ್ಪ ಹೊತ್ತಾಗಿದೆ. ನಲ್ಲಿಯಿಂದ ಸುರಿದು, ಚಪ್ಪಡಿ ಮೇಲೆ ಹರಿದು ಚರಂಡಿ ಸೇರುತ್ತಿದೆ. ಯಾರೂ ಬಿಂದಿಗೆ ಒಡ್ಡುತ್ತಿಲ್ಲ. ಬೇಸಿಗೆಯಲ್ಲಿ ಒಂದು ಕೊಡ ನೀರಿಗೆ ಜುಟ್ಟು ಹಿಡಿದು ಹೊಡೆದಾಡುವ ಸೀಮೆ ಇದು. ಅಂಥಲ್ಲಿ ಹೆಂಗಸರು ಸೆರಗು ಹೊದ್ದು, ಹರಿದು ಹೋಗುವ ನೀರನ್ನು ಸುಮ್ಮನೆ ನೋಡುತ್ತಾ ನಿಂತಿದ್ದಾರೆ.

ವಾಲ್ವ್ ತಿರುಗಿಸಿ ಬಂದ ಸಂಜೀವಯ್ಯ ಹೆಗಲ ಚೀಲದಿಂದ ಸ್ಟೀಲ್ ಲೋಟ ತೆಗೆಯುತ್ತಾರೆ. ನಲ್ಲಿಗೆ ಹಿಡಿದು ತುಂಬಿಸಿಕೊಂಡು, ಎಲ್ಲರಿಗೂ ಕಾಣುವ ಹಾಗೆ ತಲೆ ಎತ್ತಿ, ಒಂದೇ ಉಸಿರಿಗೆ ಕುಡಿಯುತ್ತಾರೆ. ಲೋಟವನ್ನು ಬೋರಲು ಮಾಡಿ ತೋರಿಸುತ್ತಾರೆ. ಆಮೇಲೆ ಮೊದಲ ಬಿಂದಿಗೆ ನಲ್ಲಿಯ ಕೆಳಗೆ ಸರಿಯುತ್ತದೆ. ಅಲ್ಲಿಂದ ಅವರು ನಡುಬೀದಿಗೆ ಹೋಗುತ್ತಾರೆ, ಅಲ್ಲೊಂದು ಲೋಟ. ಕೆಳಗಿನ ಬೀದಿಗೆ ಹೋಗುತ್ತಾರೆ, ಅಲ್ಲೂ ಒಂದು ಲೋಟ. ಕಾಲೋನಿಯ ನಲ್ಲಿ ಮುಟ್ಟುವ ಹೊತ್ತಿಗೆ ಹೊಟ್ಟೆ ತಮಟೆಯಂತಾಗಿರುತ್ತದೆ.

"ಯಾರೂ ಕುಡಿ ಅನ್ನಲಿಲ್ಲ ಸ್ವಾಮಿ. ಮೊದಲನೇ ದಿನ ನಾನೇ ಕುಡಿದೆ. ಈಗ ಕುಡೀದಿದ್ರೆ ಹಿಡಿಯಾಕಿಲ್ಲ. ಒಂದಿನ ಜ್ವರ ಬಂದು ಮನಗಿದ್ದೆ, ನನ್ನ ಹೆಂಡ್ತಿ ಬಂದು ವಾಲ್ವ್ ಬುಟ್ಲು. ಊರಿಗೂರೇ ನೀರು ಚೆಲ್ಲಿಬುಡ್ತು," ಎನ್ನುತ್ತಾರೆ ಅವರು. ದನಿಯಲ್ಲಿ ದೂರಿಲ್ಲ. ಮಳೆ ಬಂತು ಅನ್ನುವ ಹಾಗೆ ಹೇಳುತ್ತಾರೆ.

ಸಂಜೀವಯ್ಯ ಈ ಊರಿನ ನೀರುಗಂಟಿ. ಮೋಟಾರು ಹಾಕುವುದು, ಟ್ಯಾಂಕು ತುಂಬಿಸುವುದು, ಬೀದಿಗಿಷ್ಟು ಹೊತ್ತು ಅಂತ ನೀರು ಬಿಡುವುದು, ಟ್ಯಾಂಕು ತೊಳೆಯುವುದು, ಬ್ಲೀಚಿಂಗ್ ಪುಡಿ ಹಾಕುವುದು, ಎಲ್ಲ ಅವರದೇ. ಅವರ ತಂದೆ ಕೆರೆ ತೂಬು ಕಾಯುತ್ತಿದ್ದವರು. ಕೆರೆ ಹೋಗಿ ಬೋರ್‌ವೆಲ್ ಬಂದ ಮೇಲೆ ಮಗ ವಾಲ್ವ್ ಹಿಡಿದರು. ಮೂವತ್ತು ವರ್ಷ ಯಾರೂ ಅವರನ್ನು ಗಮನಿಸಲಿಲ್ಲ. ನೀರು ಬಿಡುವವನ ನೆನಪಾಗುವುದು ನೀರು ಬಾರದ ದಿನ ಮಾತ್ರ. ಎಲೆಮರೆಯ ಕಾಯಿಗಳನ್ನು ಹುಡುಕಿ ಓದುಗರ ಮುಂದಿಡುವುದು ಈ ಪುರವಣಿಯ ರೂಢಿ. ಸಂಜೀವಯ್ಯನವರ ವಿಷಯದಲ್ಲಿ ಹುಡುಕುವ ಕಷ್ಟ ಇರಲಿಲ್ಲ. ಅವರ ಮುಖವನ್ನು ಇಡೀ ರಾಜ್ಯ ನೋಡಿದೆ. ಮತ್ತೆ ಎಲೆಯ ಮರೆಗೆ ಹೋದರೆ ಸಾಕು ಎಂಬುದೇ ಅವರ ಆಸೆ.

ಎರಡು ವರ್ಷದ ಹಿಂದಿನ ಮಾತು. ಊರಿನಲ್ಲಿ ವಾಂತಿ ಭೇದಿ ಶುರುವಾಯಿತು. ಎರಡೇ ದಿನದಲ್ಲಿ ಬೀದಿ ಬೀದಿಯವರು ಶಿರಾ ಆಸ್ಪತ್ರೆ ಸೇರಿದರು. ನಡುಬೀದಿಯ ಚಿಕ್ಕಹನುಮಕ್ಕನ ಮೊಮ್ಮಗಳು ಉಳಿಯಲಿಲ್ಲ. ಅಧಿಕಾರಿಗಳು ಬಂದು ನೀರಿನ ಮಾದರಿ ಒಯ್ದರು, ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿಸಿದರು. ಮಾರನೆಯ ದಿನ ಒಂದು ಟಿವಿ ಚಾನೆಲ್‌ನ ಕಾರು ಬಂತು.

ಸಂಜೀವಯ್ಯ ಮನೆಗೆ ಹೋಗಿ ಒಗೆದ ಅಂಗಿ ಹಾಕಿಕೊಂಡು ಬಂದರು. ಈ ಅಂಗಿಯ ವಿಷಯ ಹೇಳುವಾಗ ಮಾತ್ರ ಅವರ ಮುಖ ಕೆಳಗಾಗುತ್ತದೆ. ಮನೆಗೆ ಬಂದವರು ಕೇಳಿದ್ದಕ್ಕೆ ಇಲ್ಲ ಅನ್ನಬಾರದು ಎಂದು ಬೆಳೆದವರು ಅವರು. ದಿನಾ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹೇಗೆ ಹಾಕುತ್ತೀರೋ ಒಮ್ಮೆ ಮಾಡಿ ತೋರಿಸಿ ಎಂದು ವರದಿಗಾರ ಕೇಳಿದ. ಸಂಜೀವಯ್ಯ ಬಕೆಟ್ ತಂದರು. ಪುಡಿಯನ್ನು ಬಕೆಟ್‌ನಲ್ಲಿ ಕಲಸಿ, ತಿಳಿ ಬಂದ ಮೇಲೆ ಸುರಿಯುವುದು ಅವರ ಪದ್ಧತಿ. ಕ್ಯಾಮೆರಾದವನು ಬಕೆಟ್ ಬೇಡ, ಪುಡಿಯ ಡಬ್ಬಿಯನ್ನೇ ಹಿಡಿದುಕೊಂಡು ಹತ್ತಿ, ಚೆನ್ನಾಗಿ ಕಾಣುತ್ತದೆ ಎಂದ.

ಆ ಡಬ್ಬಿ ಕಡಲೆಕಾಯಿ ಬಿತ್ತನೆಬೀಜಕ್ಕೆ ಸವರುವ ಔಷಧಿಯದು. ಬ್ಲೀಚಿಂಗ್ ಪುಡಿಗೆ ಗಾಳಿ ತಾಗಿದರೆ ಸತ್ವ ಹೋಗುತ್ತದೆ, ಆ ಡಬ್ಬಿಯ ಮುಚ್ಚಳ ಮಾತ್ರ ಜಪ್ಪಯ್ಯ ಅಂದರೂ ಸಡಿಲವಾಗುವುದಿಲ್ಲ. ಬೂದಿ, ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದು ಅದರಲ್ಲಿ ಪುಡಿ ಇಡುತ್ತಿದ್ದರು. ತಪ್ಪು ಅಂದರೆ ತಪ್ಪೇ. ಆದರೆ ಕಡಲೆಕಾಯಿ ಬೆಳೆಯುವ ಈ ಕಡೆ ಅಂಥ ಡಬ್ಬಿ ಇಲ್ಲದ ಮನೆ ಇಲ್ಲ. ಒಬ್ಬರ ಮನೆಯಲ್ಲಿ ಅದು ದನದ ಉಪ್ಪಿಗೆ, ಇನ್ನೊಬ್ಬರಲ್ಲಿ ಬಿತ್ತುವ ಅವರೆಗೆ, ಮತ್ತೊಬ್ಬರಲ್ಲಿ ಬಯಲಿಗೆ ಹೋಗುವಾಗಿನ ನೀರಿಗೆ. ಡಬ್ಬಿಯ ಮೇಲಿನ ಕೆಂಪು ಗುರುತು, ತಲೆಬುರುಡೆ ಚಿತ್ರ ಯಾರ ಕಣ್ಣಿಗೂ ಬೀಳುವುದು ಬಿಟ್ಟು ಎಷ್ಟೋ ಕಾಲವಾಗಿತ್ತು.

"ಪುಡಿ ಖಾಲಿಯಾಗೈತೆ ಸಾರ್ ಅಂದೆ. ಪರವಾಗಿಲ್ಲ, ಸುಮ್ನೆ ಬಗ್ಗಿಸಿ ಅಂದ್ರು. ಟ್ಯಾಂಕ್ನಾಗೂ ನೀರಿಲ್ಲ ಅಂದೆ. ಅದೂ ಪರವಾಗಿಲ್ಲ ಅಂದ್ರು. ಹತ್ತಿ ಬಗ್ಗಿಸ್ದೆ. ಸರಿಯಾಗಿ ಬರ್ಲಿಲ್ಲ, ಇನ್ನೊಂದ್ಸಲ ಅಂದ್ರು. ಹತ್ತುದೆ. ಆಮ್ಯಾಕೆ ಕೆಳಗಿಂದ ತೆಗೀತೀವಿ, ಇನ್ನೊಂದ್ಸಲ ಅಂದ್ರು. ನಾನೇ ಇಳಿದು ಬಂದು, ಈಗ ಸರಿಯಾಗಿ ಬಂತಾ ಸಾರ್ ಅಂತ ಕೇಳ್ದೆ."

ಸರಿಯಾಗಿಯೇ ಬಂದಿತ್ತು. ಸಂಜೆಯ ಹೊತ್ತಿಗೆ ಅದು ಟಿವಿಯಲ್ಲಿ ಓಡತೊಡಗಿತು. ನೀರುಗಂಟಿ ಕಬ್ಬಿಣದ ಏಣಿ ಹತ್ತುತ್ತಾನೆ, ಅತ್ತಿತ್ತ ನೋಡುತ್ತಾನೆ, ಡಬ್ಬಿ ಬಗ್ಗಿಸುತ್ತಾನೆ. ಡಬ್ಬಿಯ ಸುತ್ತ ಕೆಂಪು ವೃತ್ತ, ತಲೆಬುರುಡೆಯ ಮೇಲೆ ಬಾಣದ ಗುರುತು, ಹಿಂದಿನಿಂದ ಎದೆ ಬಡಿತದ ಸಂಗೀತ. ಕೆಳಗೆ ದಪ್ಪ ಅಕ್ಷರ: 'ನೀರಿಗೆ ವಿಷ ಬೆರೆಸಿದನಾ ನೀರುಗಂಟಿ?' ಆ ಕೊನೆಯ ಪ್ರಶ್ನಾರ್ಥಕ ಚಿಹ್ನೆ ನಮ್ಮ ಕಸುಬಿನವರು ಕಂಡುಕೊಂಡ ರಕ್ಷಾಕವಚ. ಅದೊಂದಿದ್ದರೆ ಯಾರ ಮೇಲೆ ಏನು ಬೇಕಾದರೂ ಹೇಳಬಹುದು. ಸಂಜೀವಯ್ಯ ಅತ್ತಿತ್ತ ನೋಡಿದ್ದು ಕ್ಯಾಮೆರಾ ಎಲ್ಲಿದೆ ಎಂದು.

ವಿಷ ಹಾಕಲು ಕಾರಣ ಬೇಕಲ್ಲ, ಅದನ್ನೂ ಹುಡುಕಿಕೊಟ್ಟರು. ಹೊಸ ಚರಂಡಿ ಅಗೆಯುವಾಗ ಜೆಸಿಬಿ ತಾಗಿ ನೀರಿನ ಪೈಪು ಒಡೆದಿತ್ತು. ಸರಿಮಾಡಿಸಿ ಎಂದು ಸಂಜೀವಯ್ಯ ಪಂಚಾಯ್ತಿ ಮುಂದೆ ಕೂಗಾಡಿದ್ದರು. 'ಪಂಚಾಯ್ತಿ ಮೇಲಿನ ದ್ವೇಷ, ಊರಿಗೆ ಶಾಪ' ಎಂದು ರಾತ್ರಿಯ ಚರ್ಚೆಗೆ ಹೆಸರಿಟ್ಟರು. ಒಬ್ಬರು ಮನಶ್ಶಾಸ್ತ್ರ ಮಾತಾಡಿದರು, ಒಬ್ಬರು ಗಲ್ಲು ಎಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಪೈಪಿನ ಮಾತನ್ನು ಆ ಚರ್ಚೆಯಲ್ಲಿ ಯಾರೂ ಎತ್ತಲಿಲ್ಲ.

ಊರು ನಂಬಿತು. ನನಗೆ ಇಂದಿಗೂ ಅರಗದ ಸಂಗತಿ ಇದು. ಟ್ಯಾಂಕು ಖಾಲಿ ಇದ್ದದ್ದು ಊರಿಗೆ ಗೊತ್ತಿತ್ತು. ಖಾಲಿ ಮಾಡಿಸುವಾಗ ಎಲ್ಲರೂ ಅಲ್ಲೇ ಇದ್ದರು. ಚಿತ್ರೀಕರಣ ನಡೆಯುವಾಗ ಟ್ಯಾಂಕಿನ ಕೆಳಗೆ ಅರ್ಧ ಊರು ನಿಂತಿತ್ತು, ಮೂರು ಸಲ ಹತ್ತಿಸಿದ್ದಕ್ಕೆ ನಕ್ಕಿತ್ತು. ಅದೇ ಜನ ಸಂಜೆ ಟಿವಿ ನೋಡಿ ಬೆಚ್ಚಿದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಅಲ್ಲಿ ತಲೆಕೆಳಗಾಯಿತು. ಪ್ರತ್ಯಕ್ಷ ಕಂಡಿದ್ದನ್ನು ಪರದೆಯ ಮೇಲೆ ಕಂಡದ್ದು ಅಳಿಸಿಹಾಕಿತು. "ಅವತ್ತು ನಾನೂ ಅಲ್ಲೇ ಇದ್ದೆ. ನಗಾಡಿದ್ದೆ ಕೂಡ," ಎನ್ನುತ್ತಾರೆ ಮೇಲಿನ ಬೀದಿಯ ಮರುಳಸಿದ್ದಯ್ಯ. "ಆದ್ರೆ ಟಿವಿನಾಗೆ ನೋಡ್ದಾಗ ಬ್ಯಾರೆ ಥರ ಕಾಣ್ತು. ಅವನ ಮಖನೇ ಬ್ಯಾರೆ ಇತ್ತು. ನಾವು ಸರಿಯಾಗಿ ನೋಡಿರ್ಲಿಲ್ಲ ಏನೋ ಅನ್ನಿಸ್ಬುಡ್ತು."

ಮನೆಗೆ ಕಲ್ಲು ಬಿತ್ತು. ಪೊಲೀಸರು ಕರೆದೊಯ್ದರು, ಕೇಳಬೇಕಾದ್ದನ್ನೆಲ್ಲ ಕೇಳಿ ಬಿಟ್ಟರು. ಪ್ರಯೋಗಾಲಯದ ವರದಿ ಬಂತು. ನೀರಿನಲ್ಲಿ ವಿಷವಿಲ್ಲ, ಇದ್ದದ್ದು ಚರಂಡಿಯ ಹೊಲಸು. ಒಡೆದ ಪೈಪಿನ ಮೂಲಕ ಸೇರಿತ್ತು. ಪತ್ರಿಕೆಗಳಲ್ಲಿ ಅದು ಒಳಪುಟದ ಮೂಲೆಯಲ್ಲಿ, ಕಲುಷಿತ ನೀರು ಕಾರಣ ಎಂದು ನಾಲ್ಕು ಸಾಲು ಬಂತು. ಆರೋಪಕ್ಕೆ ಹೆಸರೂ ಊರೂ ಮುಖವೂ ಇತ್ತು, ಖುಲಾಸೆಗೆ ಹೆಸರಿರಲಿಲ್ಲ. ವರದಿಯನ್ನೂ ತೋರಿಸಿ ಎಂದು ಸಂಜೀವಯ್ಯನವರ ಮಗಳು ರಕ್ಷಾ ಚಾನೆಲ್‌ಗೆ ಫೋನು ಮಾಡಿದಳು. ಆ ಕಡೆಯವರು ಗೌರವವಾಗಿಯೇ ಮಾತಾಡಿದರಂತೆ. ಆ ಸ್ಟೋರಿ ಮುಗಿದುಹೋಯಿತಲ್ಲ ಮೇಡಂ, ಪೈಪ್ ಒಡೆದಿದ್ದು ಎಲ್ಲ ಕಡೆ ಇರುತ್ತೆ, ಅದರಲ್ಲಿ ಸುದ್ದಿ ಏನಿದೆ ಎಂದರಂತೆ.

ಮುಗಿದದ್ದು ಅವರಿಗೆ. ಆ ತುಣುಕು ಇನ್ನೂ ತಿರುಗುತ್ತಲೇ ಇದೆ. ಎಲ್ಲೇ ನೀರು ಕುಡಿದು ಜನ ಕಾಯಿಲೆ ಬೀಳಲಿ, ಯಾವುದೋ ಒಂದು ಫೋನಿನಲ್ಲಿ ಏಣಿ ಹತ್ತುವವರು ಸಂಜೀವಯ್ಯನೇ. ಹೋದ ತಿಂಗಳು ಅವರು ಏನೋ ಕೆಲಸಕ್ಕೆ ಕೊರಟಗೆರೆಗೆ ಹೋಗಿ, ಅಲ್ಲಿಂದ ಮಧುಗಿರಿಯ ತಂಗಿ ಮನೆಗೆ ಹೊರಟಿದ್ದರು. ಬಸ್ಸಿನಲ್ಲಿ ಪಕ್ಕ ಕೂತ ಪಾವಗಡದ ಹಿರಿಯರೊಬ್ಬರು ಅದೇ ತುಣುಕು ಓಡುತ್ತಿದ್ದ ಫೋನು ಮುಂದೆ ಹಿಡಿದು, ತೆಲುಗು ಬೆರೆತ ಮಾತಿನಲ್ಲಿ ಹೇಳಿದರು. "ಚೂಡಪ್ಪಾ, ಮನ ಆಂಧ್ರದಾಗೆ ನಿನ್ನೆ ನಡೆದಿದ್ದಂತೆ. ಎಂಥಾ ಪಾಪಿ ನೋಡು ಈಡು."

ನೀವೇನಂದಿರಿ ಎಂದು ಕೇಳಿದೆ.

"ಏನನ್ಲಿ? ಹೌದು ಕಣಪ್ಪ, ಪಾಪಿ ಅಂದೆ. ಬಸ್ನಾಗೆ ಅಷ್ಟು ಜನ ಇದ್ರು. ಟವಲ್ಲು ತಲೆಗೆ ಸುತ್ಕೊಂಡು ಮಧುಗಿರಿ ಬರೋಗಂಟ ಕಿಟಕಿ ಕಡೆ ತಿರುಗಿ ಕೂತಿದ್ದೆ," ಎಂದರು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತಿದೆ. ಯಾರ ಮೇಲೆ ಎಂದು ಕೇಳಿದರೆ ನೆಟ್ಟಗೆ ಹೇಳಲಾರೆ, ಅದೇ ಈ ಕಾಲದ ದೊಡ್ಡ ಸಂಕಟ. ತೋರಿಸಿದವನು ಒಬ್ಬ, ಬರೆದವನು ಒಬ್ಬ, ಹಂಚಿದವರು ಲಕ್ಷ ಜನ. ಎಲ್ಲರ ಕೈಯೂ ತೊಳೆದಿಟ್ಟ ಹಾಗೆ ಇದೆ.

ಕೆಲಸ ಬಿಡಬಹುದಿತ್ತಲ್ಲ? ಹೆಂಡತಿ ಓಬಳಮ್ಮನ ಹಟವೂ ಅದೇ. "ಬುಟ್ಟಾಕು ಅಂತ ಬಡ್ಕೋತೀನಿ. ಶನಿವಾರ ಒಪ್ಪತ್ತು ಮಾಡ್ತಿದ್ದ, ಪೂಜೆ ಆಗೋಗಂಟ ತೊಟ್ಟು ನೀರು ಕುಡೀತಿರ್ಲಿಲ್ಲ. ಈಗ ಬೆಳಗಾಗೆದ್ದು ಬೀದಿ ಬೀದಿನಾಗೆ ಕುಡೀತಾನೆ. ದೇವ್ರಿಗಿಂತ ಹೆಚ್ಚಾದ್ರಾ ಈ ಜನ," ಎನ್ನುತ್ತಾರೆ. ಸಂಜೀವಯ್ಯ ತಲೆಯಾಡಿಸುತ್ತಾರೆ. "ಬುಟ್ರೆ ಹೌದು ಅಂದಂಗಾಯ್ತದೆ. ಅದ್ಕೇ ಓಡೋದ ಅಂತಾರೆ." ಊರಿನ ಮುಕ್ಕಾಲು ಪಾಲು ಜನ ಈಗ ನೀರು ಹಿಡಿಯುತ್ತಾರೆ. ಹಿಡಿಯದವರಲ್ಲಿ ಚಿಕ್ಕಹನುಮಕ್ಕ ಒಬ್ಬರು. ಅವರ ಮನೆಯ ಮುಂದೆಯೇ ನಲ್ಲಿ ಇದೆ. ಆಕೆ ತಲೆಯ ಮೇಲೆ ಒಂದು, ಸೊಂಟದಲ್ಲಿ ಒಂದು ಕೊಡ ಹೊತ್ತು, ತೋಟದ ಬೋರ್‌ವೆಲ್‌ನಿಂದ ನೀರು ತರುತ್ತಾರೆ. ದಿನಾ ಆ ಹೊತ್ತಿಗೆ ಸಂಜೀವಯ್ಯ ನಡುಬೀದಿಯ ನಲ್ಲಿಯ ಹತ್ತಿರ ಇರುತ್ತಾರೆ. ಲೋಟ ಎತ್ತಿ ಕುಡಿಯುವುದು ಆಕೆಗೆ ಕಾಣಲಿ ಎಂದೇ. ಆಕೆ ನೋಡುವುದಿಲ್ಲ.

"ಯಾರು ನಂಬ್ತಾರೋ ಬುಡ್ತಾರೋ. ಆಯಮ್ಮ ಒಂದ್ ಬಿಂದಿಗೆ ಹಿಡುದ್ರೆ ನಂಗೆ ಸಾಕು," ಎಂದರು. ಹಾಗಾಗಿ ನಾನು ಚಿಕ್ಕಹನುಮಕ್ಕನ ಮನೆಗೆ ಹೋದೆ. ಆಕೆ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದರು. ಪ್ರಯೋಗಾಲಯದ ವರದಿಯ ವಿಷಯ ವಿವರಿಸಲು ಬಾಯಿ ತೆಗೆದೆ. ಕೈ ಅಡ್ಡ ಮಾಡಿದರು.

"ನಂಗೆ ಗೊತ್ತಿಲ್ವೇನಪ್ಪ? ಸಂಜೀವ ನಮ್ಮ ಮಗೀಗೆ ವಿಷ ಹಾಕ್ತಾನಾ? ಅದು ನಲ್ಲಿ ತಾವ ನಿಂತ್ರೆ ಕೈಕಾಲು ತೊಳೆದು ಕಳಿಸ್ತಿದ್ದ." ಸ್ವಲ್ಪ ಹೊತ್ತು ಕುಟ್ಟಿದರು. "ಅವನಲ್ಲ ಅಂದ್ರೆ ಯಾರು ಅಂತ ಹೇಳು. ಜೆಸಿಬಿಯೋನು ಕಂಟ್ರಾಕ್ಟ್ರು ಅಂತಾನೆ. ಕಂಟ್ರಾಕ್ಟ್ರು ಎಂಜಿನೇರು ಅಂತಾನೆ. ಅವ್ರ ಮಖ ನಾನು ನೋಡೇ ಇಲ್ಲ. ಟಿವಿಯೋರು ಇವನೇ ಅಂತ ತೋರುಸ್ಬುಟ್ರು. ಬೆಳಗೆದ್ದು ಬೈಯಾಕೆ ಒಂದು ಮಖ ಕೊಟ್ರು. ಅದನ್ನೂ ಕಿತ್ಕೊಂಡ್ರೆ ನಾನೇನ್ ಮಾಡ್ಲಿ? ಪೈಪ್‌ಗೆ ಶಾಪ ಹಾಕ್ಲಾ?"

ಸುಳ್ಳು ನಂಬಿದವರನ್ನು ನಿಜ ಹೇಳಿ ತಿದ್ದಬಹುದು ಎಂಬ ಧೈರ್ಯದಲ್ಲೇ ನಮ್ಮ ಪತ್ರಿಕೆಗಳು ನಡೆಯುತ್ತವೆ. ನಿಜ ಗೊತ್ತಿದ್ದೂ ಸುಳ್ಳನ್ನು ಅಪ್ಪಿಕೊಂಡವರಿಗೆ ಏನು ಹೇಳುವುದು? ಆಕೆಯನ್ನು ದೂರಲು ನನಗೆ ಮನಸ್ಸಿಲ್ಲ. ಸಂಜೀವಯ್ಯನವರಿಗೆ ಇನ್ನು ಬಿಡುಗಡೆಯಿಲ್ಲ ಎಂಬುದು ಮಾತ್ರ ಆ ಪಡಸಾಲೆಯಲ್ಲಿ ಕೂತಾಗ ಖಚಿತವಾಯಿತು.

ಹಿಂದಿರುಗಿದಾಗ ಅವರು ಕಾಲೋನಿಯ ವಾಲ್ವ್ ಮುಚ್ಚುತ್ತಿದ್ದರು. ಆಯಮ್ಮ ಏನಂದಳು ಎಂದು ಕೇಳಿದರು. ಮುಚ್ಚಿಡಲು ಆಗಲಿಲ್ಲ, ಇದ್ದದ್ದನ್ನು ಹೇಳಿದೆ. ಅವರು ವಾಲ್ವ್‌ನ ಕೀಲಿ ಹಿಡಿದು ಹಾಗೇ ಕುಕ್ಕರಗಾಲಲ್ಲಿ ಕೂತರು. "ಬೈಕೊಳ್ಲಿ ಬುಡಿ. ಯಾರ್ನಾದ್ರೂ ಬೈಬೇಕಲ್ಲ ಆಯಮ್ಮ," ಎಂದರು. ಕಣ್ಣು ಒರೆಸಿಕೊಳ್ಳಲಿಲ್ಲ, ನೀರು ಗಲ್ಲದ ಮೇಲೆ ಇಳಿದದ್ದು ಅವರಿಗೆ ಗೊತ್ತಾಗಲಿಲ್ಲವೇನೋ.

ಹೊರಡುವಾಗ, ಲೇಖನದ ಜೊತೆ ಹಾಕಲು ಒಂದು ಫೋಟೋ ತೆಗೆದುಕೊಳ್ಳಲೇ ಎಂದೆ. ನೀರು ಕುಡಿಯುವಾಗಿನದು ಆದರೆ ಚೆನ್ನಾಗಿರುತ್ತದೆ ಎಂದೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಲೋಟ ಚೀಲಕ್ಕೆ ಹಾಕಿಕೊಂಡರು.

"ಬ್ಯಾಡಿ ಸ್ವಾಮಿ. ನೀವು ಒಳ್ಳೇದೇ ಬರೀತೀರ, ಇಲ್ಲ ಅನ್ನಾಕಿಲ್ಲ. ಆದ್ರೆ ಜನ ಬರೆದಿದ್ದು ಓದಲ್ಲ, ಮಖ ನೋಡ್ತಾರೆ. ಇವನೇ ಅಲ್ವಾ ಅಂತಾರೆ." ನಡುಬೀದಿಯ ಕಡೆ ನೋಡಿದರು. "ಹಾಕ್ಲೇಬೇಕು ಅಂದ್ರೆ ಆ ಮಗೀದು ಹಾಕಿ. ಅಷ್ಟು ದಿನ ತೋರುಸುದ್ರಲ್ಲ ಟಿವಿನಾಗೆ, ಒಂದ್ಸಲನೂ ಅದರ ಹೆಸರು ಹೇಳ್ಲಿಲ್ಲ. ಹರ್ಷಿತಾ ಅಂತ. ಯುಕೆಜಿ ಓದ್ತಿತ್ತು."