ಸೋಮವಾರ ಗಾಡಿ ಮುಟ್ಟುವಂತಿಲ್ಲ

ನಮ್ಮ ಮೂವರಲ್ಲಿ ಒಬ್ಬಳೂ ಬೈಕಿನಲ್ಲಿ ಐವತ್ತು ಕಿಲೋಮೀಟರ್ ದಾಟಿದವಳಲ್ಲ. ಮಾತು ಕೇಳಿದವರು ಮಾತ್ರ ನಾವು ಲಡಾಖ್ ಸುತ್ತಿ ಬಂದವರೆಂದೇ ತಿಳಿಯಬೇಕಿತ್ತು. ಒಬ್ಬಳು ಗುಬ್ಬಿಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡವಳು. ಇನ್ನೊಬ್ಬಳು ಕುಣಿಗಲ್ಲಿನ ಹೈಸ್ಕೂಲೊಂದರಲ್ಲಿ ಪಿಟಿ ಟೀಚರ್. ಮೂರನೆಯವಳು ನಾನು, ತುಮಕೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಫೈಲು ಮಗುಚುವವಳು, ಮನೆ ಮರಳೂರು. ಪಿಯುಸಿಯಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದವರು. ನಲವತ್ತು ಹತ್ತಿರವಾದಾಗ ಮೂವರಿಗೂ ಒಟ್ಟಿಗೇ ಹುಚ್ಚು ಹಿಡಿಯಿತು. ಗಂಡ, ಮಕ್ಕಳು, ಅತ್ತೆ, ನಾದಿನಿ ಯಾರನ್ನೂ ಕರೆದುಕೊಳ್ಳದೆ, ಒಬ್ಬೊಬ್ಬರು ಒಂದೊಂದು ಬೈಕಿನಲ್ಲಿ ಮೇಲುಕೋಟೆಗೆ ಹೋಗಿ, ಒಂದು ರಾತ್ರಿ ಇದ್ದು ಬರಬೇಕು ಎಂದು ತೀರ್ಮಾನಿಸಿದೆವು.

ಪ್ಲಾನಿಂಗ್ ಎಲ್ಲ ನಡೆದದ್ದು ಗುಬ್ಬಿಯ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ. ಬ್ಲೌಸಿನ ಅಳತೆ ಗುರುತು ಮಾಡುವ ಕಂದು ಕಾಗದವನ್ನು ಉದ್ದಕ್ಕೆ ಹಾಸಿ, ಟೈಲರ್ ಚಾಕ್‌ಪೀಸಿನಲ್ಲಿ ರಸ್ತೆ ಎಳೆದೆವು. ತುಮಕೂರು, ಹೆಬ್ಬೂರು, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ನಾಗಮಂಗಲ, ಮೇಲುಕೋಟೆ. ಟೈಲರಮ್ಮನ ಕೈಗೆ ನೇರ ಗೆರೆ ಗೊತ್ತೇ ಇಲ್ಲ, ಅವಳು ಎಳೆದ ರಸ್ತೆ ಬ್ಲೌಸಿನ ಕುತ್ತಿಗೆಯ ಅಂಚಿನಂತೆ ಬಳುಕಿಕೊಂಡು ಹೋಗಿತ್ತು. ಬ್ಲೌಸ್ ಒಯ್ಯಲು ಬಂದ ಗಿರಾಕಿಯೊಬ್ಬರು ಅದನ್ನು ಬಗ್ಗಿ ನೋಡಿ, "ನಾಗಮಂಗಲದಾಗೆ ನಮ್ಮ ಚಿಕ್ಕಮ್ಮನ ಮನೆ ಐತೆ, ಊಟಕ್ಕೆ ಹೇಳ್ಬುಡ್ಲಾ?" ಎಂದರು. ಎರಡು ದಿನದಲ್ಲಿ ಇಡೀ ಗುಬ್ಬಿಗೆ ಸುದ್ದಿ ಮುಟ್ಟಿತು.

ಪಿಟಿ ಟೀಚರ್ ಕೊರಳಲ್ಲಿ ಭಾನುವಾರವೂ ವಿಷಲ್ ಇರುತ್ತದೆ. ಅವಳು ಮೊದಲ ದಿನವೇ ಕಾನೂನು ಓದಿದಳು. "ಸ್ಕೂಟರ್ ತಂದೋರು ಬರಂಗಿಲ್ಲ. ಗೇರ್ ಗಾಡಿನೇ ಆಗ್ಬೇಕು. ನಾನು ಮುಂದೆ ಇರ್ತೀನಿ, ನಂದು ನೂರಿಪ್ಪತ್ತೈದು ಸಿಸಿ."

"ಇಪ್ಪತ್ತೈದು ಜಾಸ್ತಿ ಇರೋದಕ್ಕೆ ಇಷ್ಟು ಜಂಬನೇನೇ?" ಎಂದಳು ಟೈಲರಮ್ಮ. ಅವಳದು ನೂರು ಸಿಸಿಯ ಸೆಕೆಂಡ್ ಹ್ಯಾಂಡ್ ಬೈಕು, ಬಟ್ಟೆಯ ಗಂಟು ಹೊತ್ತು ಹೊತ್ತು ಹಿಂದಿನ ಸೀಟು ಸವೆದು ಹೋಗಿದೆ. ಆದರೆ ನಮ್ಮ ಪ್ರವಾಸಕ್ಕೆ ಅವಳಷ್ಟು ಕೆಲಸ ಯಾರೂ ಮಾಡಲಿಲ್ಲ. ಹಳೆಯ ಫ್ಲೆಕ್ಸ್ ಬ್ಯಾನರುಗಳನ್ನು ತಂದು ಮೂರು ಬೈಕಿಗೂ ಮಳೆ ನೀರು ಇಳಿಯದ ಚೀಲ ಹೊಲಿದಳು. ನನ್ನ ಪಾಲಿಗೆ ಬಂದ ಚೀಲದ ಒಂದು ಮಗ್ಗುಲಲ್ಲಿ ಯಾರೋ ಮುಖಂಡರ ಅರ್ಧ ಮೀಸೆ, ಇನ್ನೊಂದು ಮಗ್ಗುಲಲ್ಲಿ "ಹುಟ್ಟುಹಬ್ಬದ ಶುಭ". "ಒಳಗಡೆಗೆ ತಿರುಗಿಸಿ ಹೊಲಿಯೋಕೆ ಆಗ್ಲಿಲ್ವೇನೇ?" ಎಂದು ಕೇಳಿದರೆ, "ರೋಡಲ್ಲಿ ಯಾರಾದ್ರೂ ವಿಶ್ ಮಾಡ್ತಾರೆ ಬುಡು" ಎಂದಳು. ನಕ್ಕು ನಕ್ಕು ನನಗೆ ಪಕ್ಕೆ ಹಿಡಿದುಕೊಂಡಿತು.

ಮೊಬೈಲಿನಲ್ಲಿ ನಾವು ನೋಡಿದ ಟೂರಿಂಗ್ ವಿಡಿಯೊಗಳಲ್ಲೆಲ್ಲ ಜನ ಬೆಳಗಿನ ಜಾವವೇ ಜಾಕೆಟ್ ಹಾಕಿ ಹೊರಡುತ್ತಿದ್ದರು. ಆದ್ದರಿಂದ ನಾವೂ ಹಾಗೇ ಹೊರಡತಕ್ಕದ್ದು ಎಂಬುದು ಶಾಸನವಾಯಿತು. ಪಿಟಿ ಟೀಚರ್‌ಗೆ ಶನಿವಾರ ಮಾರ್ನಿಂಗ್ ಕ್ಲಾಸ್. ಹಾಗಾಗಿ ಶನಿವಾರ ಲೆಕ್ಕಕ್ಕೇ ಬರಲಿಲ್ಲ. ಕ್ಯಾಲೆಂಡರ್ ತಿರುವಿದಾಗ ಒಂದು ಸೋಮವಾರ ಸರ್ಕಾರಿ ರಜೆ ಸಿಕ್ಕಿತು. ಭಾನುವಾರ ಹೋಗುವುದು, ಸೋಮವಾರ ಬರುವುದು. ಎರಡೂ ದಿನಕ್ಕೆ ಕಾಗದದ ಮೇಲೆ ಸುತ್ತು ಹಾಕಿದವಳು ನಾನೇ. ಆ ತಪ್ಪು ಪ್ರಪಂಚದಲ್ಲಿ ಯಾರು ಮಾಡಿದ್ದರೂ ನಡೆಯುತ್ತಿತ್ತು, ನಮ್ಮ ಮನೆಯಲ್ಲಿ ಹುಟ್ಟಿದವಳು ಮಾಡಬಾರದಿತ್ತು.

ಯಾಕೆಂದರೆ ನನಗೆ ಬೇಕಿದ್ದದ್ದು ನಮ್ಮಪ್ಪನ ಬೈಕು.

ನಿಟ್ಟೂರಿನಿಂದ ಒಳಕ್ಕೆ ಮೂರು ಕಿಲೋಮೀಟರ್ ಹೋದರೆ ನಮ್ಮೂರು. ಅಪ್ಪ, ಅಮ್ಮ, ತಮ್ಮ, ಅವನ ಹೆಂಡತಿ ಮಕ್ಕಳು ಅಲ್ಲಿ ತೆಂಗಿನ ತೋಟ, ರಾಗಿ ಹೊಲ ನೋಡಿಕೊಂಡಿದ್ದಾರೆ. ನಮ್ಮ ಕಡೆ ಸೋಮವಾರ ಶಿವನ ವಾರ. ಅವತ್ತು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಬಸವನಿಗೆ ವಿಶ್ರಾಂತಿ. ಕೊನೆಯ ಜೋಡಿ ಎತ್ತು ಮಾರಿದ ವರ್ಷ ಅಪ್ಪ ಅದೇ ದುಡ್ಡಿನಲ್ಲಿ ನೂರು ಸಿಸಿಯ ಬೈಕು ತಂದ. ಆಮೇಲೆ ಬಂದ ಮೊದಲ ಸೋಮವಾರ ಬೆಳಗ್ಗೆ ಎದ್ದು ಕೊಟ್ಟಿಗೆಗೆ ಹೋದವನಿಗೆ ಮೈ ತೊಳೆಯಲು ಎತ್ತಿಲ್ಲ. ಸುಮ್ಮನೆ ನಿಂತಿದ್ದು, ಬೈಕನ್ನೇ ತೊಳೆದು, ಹೆಡ್‌ಲೈಟಿನ ಮೇಲೆ ಮೂರು ಬೆರಳು ವಿಭೂತಿ ಎಳೆದು, ಅವತ್ತು ಅದನ್ನು ಹೊರಗೆ ತೆಗೆಯಲೇ ಇಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಅದೇ ಕಟ್ಟು. ತಮ್ಮ ಸೋಮವಾರ ಬಿದ್ದ ಪರೀಕ್ಷೆಗೆಲ್ಲ ಬಸ್ಸಿನಲ್ಲೇ ಹೋದ. ತುಮಕೂರಿಗೆ ಬಂದು ಸಂಬಳಕ್ಕೆ ಬಿದ್ದ ಮೇಲೆ ಸೋಮವಾರ ಎಂದರೆ ನನಗೆ ಕಚೇರಿಯಲ್ಲಿ ಅತಿ ಹೆಚ್ಚು ಕೆಲಸ ಇರುವ ದಿನ ಅಷ್ಟೆ. ಮರೆತೇಬಿಟ್ಟಿದ್ದೆ.

ಟೈಲರಮ್ಮನ ಗಂಡನದೇ ಇನ್ನೊಂದು ಬೈಕು ಇತ್ತು, ಕೇಳಿದ್ದರೆ ಸಿಗುತ್ತಿತ್ತು. ನನಗೆ ಅದು ಬೇಡ. ತಮ್ಮ ಕಾಲೇಜು ಸೇರಿದ ದಿನವೇ ಅಪ್ಪ ಮೊಳೆಯಿಂದ ಕೀ ತೆಗೆದು ಅವನ ಕೈಗೆ ಕೊಟ್ಟಿದ್ದ. ನನಗೆ ಒಮ್ಮೆಯೂ ಕೊಟ್ಟವನಲ್ಲ. ನಾನು ಕಲಿತದ್ದು ಅಪ್ಪ ಬಸ್ಸಿನಲ್ಲಿ ಸಂತೆಗೆ ಹೋದಾಗ, ತಮ್ಮನಿಗೆ ಚಕ್ಕುಲಿ ಲಂಚ ಕೊಟ್ಟು, ತೆಂಗಿನ ಮರಗಳ ಸಂದಿಯಲ್ಲಿ. ಈ ಒಂದು ಸಲವಾದರೂ ಆ ಕೀ ಅಪ್ಪನ ಕೈಯಿಂದ ನನ್ನ ಕೈಗೆ ಬರಬೇಕಿತ್ತು. ಮೇಲುಕೋಟೆಯೆಲ್ಲ ಆಮೇಲಿನ ಮಾತು.

ಪ್ರವಾಸದ ಹಿಂದಿನ ಭಾನುವಾರ ಊರಿಗೆ ಹೋದಾಗ ಅಪ್ಪ ಕೊಟ್ಟಿಗೆ ಮುಂದೆ ಕೂತು ಒಣಗಿದ ತೆಂಗಿನ ಗರಿಯಿಂದ ಪೊರಕೆಗೆ ಕಡ್ಡಿ ಬಿಡಿಸುತ್ತಿದ್ದ.

"ಅಪ್ಪ, ಗಾಡಿ ಬೇಕಿತ್ತು. ಎರಡು ದಿನಕ್ಕೆ."

"ಯಾಕವ್ವ, ನಿನ್ನ ಸ್ಕೂಟ್ರು ಏನಾಯ್ತು?"

"ಮೇಲುಕೋಟೆಗೆ ಹೋಗ್ತಿದೀವಿ. ನಾವು ಮೂರೇ ಜನ, ಫ್ರೆಂಡ್ಸು."

ಅಪ್ಪ ಕತ್ತಿ ಕೆಳಗಿಟ್ಟ. ಬೈಗುಳ ಬಂತು ಎಂದು ಗಟ್ಟಿಯಾಗಿ ನಿಂತೆ. ಅವನು ಕೇಳಿದ್ದು, "ಯಾವತ್ತು?"

"ಭಾನುವಾರ ಹೋಗಿ ಸೋಮವಾರ ಬಂದ್ಬುಡ್ತೀವಿ."

"ಸೋಮವಾರ ಆಗಕ್ಕಿಲ್ಲ ಕಣವ್ವ."

ಆಗ ನೆನಪಾಯಿತು ನನಗೆ. ನೆನಪಾದ ಮೇಲೆ ಸುಮ್ಮನಾಗಬೇಕಿತ್ತು. ಆದರೆ ಕೋಪ ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ. "ಅದು ಬಸವ ಅಲ್ಲಪ್ಪ, ಕಬ್ಬಿಣ. ಹುಲ್ಲು ತಿನ್ನುತ್ತಾ ಅದು?"

"ತಿನ್ನೋದು ಏನಾರಾಗ್ಲಿ, ದುಡಿಯೋದು ದುಡೀತೈತಲ್ಲ."

"ನಿನ್ನ ಮಗ ಕೇಳಿದ್ರೆ ಕೊಡ್ತಿದ್ದೆ. ನಾನು ಹೆಣ್ಣು ಅಂತ ತಾನೇ ಈ ನೆಪ ಎಲ್ಲ?"

ಅಪ್ಪ ಕತ್ತಿ ಎತ್ತಿಕೊಂಡು ಮತ್ತೆ ಗರಿ ಸೀಳತೊಡಗಿದ. ನಾನು ಮುಖ ಊದಿಸಿಕೊಂಡು ಬಸ್ಸಿಗೆ ಹೊರಟೆ. ಅಮ್ಮ ಹಿಂದೆಯೇ ಬಂದು ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಟ್ಟಳು. ರೊಟ್ಟಿ ಬೇಡ ಎನ್ನುವಷ್ಟು ಕೋಪವೇನೂ ಬಂದಿರಲಿಲ್ಲ, ಇಸಿದುಕೊಂಡೆ.

ಗೆಳತಿಯರಿಗೆ ಫೋನಿನಲ್ಲೇ ಹೇಳಿದೆ. ಪಿಟಿ ಟೀಚರ್ ಬಳಿ ಉಪಾಯ ಸಿದ್ಧವಿತ್ತು. "ಭಾನುವಾರನೇ ಬರ್ತೀನಿ ಅಂತ ಹೇಳಿ ತಗೊಂಬಾರೇ. ಸಂಜೆಗೆ ಫೋನ್ ಮಾಡಿ, ಗಾಡಿ ಕೆಟ್ಟೋಯ್ತು, ನಾಳೆ ಬರ್ತೀನಿ ಅಂದ್ರಾಯ್ತು." ಟೈಲರಮ್ಮ ಒಂದು ಹೆಜ್ಜೆ ಮುಂದೆ ಹೋಗಿ, ಯಾವ ಭಾಗ ಕೆಟ್ಟಿತು ಎಂದು ಹೇಳಬೇಕು ಎನ್ನುವುದನ್ನೂ ತನ್ನ ಮೆಕ್ಯಾನಿಕ್‌ನಿಂದ ಕೇಳಿಕೊಂಡಳು. ಸುಳ್ಳು ಹೇಳುವುದರಲ್ಲಿ ನಾನೇನೂ ಹಿಂದೆ ಬಿದ್ದವಳಲ್ಲ, ಕಚೇರಿಯ ರಜೆ ಚೀಟಿಗಳೇ ಸಾಕ್ಷಿ. ಆದರೆ ಕೀ ಕದ್ದು ತಂದರೂ ಒಂದೇ, ಸುಳ್ಳು ಹೇಳಿ ತಂದರೂ ಒಂದೇ. ತೋಟದಲ್ಲಿ ಕದ್ದು ಓಡಿಸಿದ್ದು ಸಾಕಾಗಿತ್ತು. "ನಾನು ನಿನ್ನ ಹಿಂದೆ ಕೂತ್ಕೊಂಡು ಬರ್ತೀನಿ ಬಿಡೇ" ಎಂದೆ ಟೈಲರಮ್ಮನಿಗೆ. ಹೇಳಿದ ಮೇಲೆ ಬಾತ್‌ರೂಮಿಗೆ ಹೋಗಿ ಸ್ವಲ್ಪ ಅತ್ತೆ. ನಾಚಿಕೆಯೇನಿಲ್ಲ ಹೇಳಿಕೊಳ್ಳಲು.

ಗುರುವಾರ ಬೆಳಗ್ಗೆ ಕಚೇರಿಯಲ್ಲಿದ್ದಾಗ ಅಪ್ಪನ ಫೋನು ಬಂತು. ಅವನು ತಾನಾಗಿ ಫೋನ್ ಮಾಡುವವನೇ ಅಲ್ಲ. ಗಾಬರಿಯಿಂದ ಎತ್ತಿದೆ.

"ಆ ಟೀಚರಮ್ಮಂಗೆ ಶನಿವಾರ ಸ್ಕೂಲು ಎಷ್ಟೊತ್ತಿಗೆ ಬಿಡ್ತೈತೆ?"

"ಹನ್ನೊಂದೂವರೆಗೆ. ಯಾಕಪ್ಪ?"

"ನಮ್ಮ ಕಾಯಿ ಲಾರಿ ಡ್ರೈವರ್‌ನ ಕೇಳ್ದೆ. ಕುಣಿಗಲ್ಲಿಂದ ಎಪ್ಪತ್ತು ಚಿಲ್ಲರೆ ಕಿಲೋಮೀಟ್ರಂತೆ. ನೀವು ಆಮೆ ಥರ ಹೋದ್ರೂ ಮೂರು ಗಂಟೆ. ಶನಿವಾರ ಊಟ ಮುಗಿಸ್ಕೊಂಡು ಹೊರಟ್ರೆ ಬೆಳಕು ಇದ್ದಂಗೇ ಬೆಟ್ಟ ಹತ್ತೀರಿ. ಭಾನುವಾರ ಹೊತ್ತು ಮುಳುಗೋದ್ರೊಳಗೆ ಗಾಡಿ ಕೊಟ್ಟಿಗೇಲಿದ್ರೆ ಆಯ್ತು."

"ಬೆಳಗಿನ ಜಾವನೇ ಹೊರಡ್ಬೇಕು ಅಂತಿತ್ತಪ್ಪ ನಮಗೆ."

"ಯಾಕೆ, ಎತ್ತಿನ ಗಾಡಿ ಕಟ್ಕೊಂಡು ಹೋಯ್ತೀರೇನವ್ವ?"

ಇಡೀ ಕಚೇರಿ ತಿರುಗಿ ನೋಡುವಂತೆ ನಕ್ಕೆ. ಮೂರು ಜನ ಓದಿದವರು ತಿಂಗಳುಗಟ್ಟಲೆ ಕಾಗದ ಹಾಸಿ ಗೆರೆ ಎಳೆದು ಕಾಣದೆ ಹೋದದ್ದನ್ನು ಅಪ್ಪ ನಾಲ್ಕು ದಿನ ಗರಿ ಸೀಳುತ್ತ ಕಂಡುಹಿಡಿದಿದ್ದ. ಫೋನ್ ಇಟ್ಟ ಮೇಲೆ ಇನ್ನೊಂದು ವಿಷಯ ತಲೆಗೆ ಹೊಳೆಯಿತು. ಅಪ್ಪ ಬೇಡ ಎಂದದ್ದು ಸೋಮವಾರವನ್ನು, ನನ್ನನ್ನಲ್ಲ. ಹೆಣ್ಣು ಎಂಬ ಮಾತು ಎತ್ತಿದವಳು ನಾನು. ಅದನ್ನು ಕೇಳಿಸಿಕೊಂಡೂ ಅವನು ನಾಲ್ಕು ದಿನ ನನ್ನ ಪ್ರವಾಸದ ಚಿಂತೆಯನ್ನೇ ಮಾಡಿದ್ದಾನೆ. ಶನಿವಾರಕ್ಕೆ ಅರ್ಧ ದಿನ ರಜೆ ಬರೆದುಕೊಟ್ಟೆ, ಈ ಸಲ ನಿಜವಾದ ಕಾರಣ ಹಾಕಿ.

ಶುಕ್ರವಾರ ಸಂಜೆ ಊರಿಗೆ ಹೋದರೆ ಬೈಕಿನ ಚೈನು ಬಿಗಿ ಮಾಡಿಸಿ, ಎರಡೂ ಟೈರಿಗೆ ಗಾಳಿ ತುಂಬಿಸಿ, ಟ್ಯಾಂಕ್ ಒರೆಸಿ ನಿಲ್ಲಿಸಿದ್ದ. ಗೋಡೆಯ ಮೊಳೆಯಿಂದ ಕೀ ತೆಗೆದು ನನ್ನ ಅಂಗೈ ಮೇಲೆ ಇಟ್ಟ. "ತೋಟದಾಗೆ ಮರ ಸುತ್ತಿದಂಗಲ್ಲ ಕಣವ್ವ ರೋಡು. ಲಾರಿಯೋರ ಜೊತೆ ಹಟ ಮಾಡ್ಬೇಡ" ಎಂದ. ಅಂದರೆ ಎಲ್ಲ ಗೊತ್ತಿತ್ತು ಅವನಿಗೆ, ಚಕ್ಕುಲಿಯ ಕಾಲದಿಂದಲೂ. ನನ್ನ ಹಿಂದೆ ನಿಂತಿದ್ದ ತಮ್ಮ ಮೆಲ್ಲಗೆ ಒಳಗೆ ಜಾರಿಕೊಂಡ.

ಮರುದಿನ ಮರಳೂರಿನ ಮನೆಯಿಂದ ಹೊರಡುವಾಗ ನನ್ನ ಗಂಡ, "ಪುಳಿಯೋಗರೆ ತರದೆ ಬಂದ್ರೆ ಬಾಗಿಲು ತೆಗಿಯಲ್ಲ" ಎಂದು ಹೆದರಿಸಿದರು. ಹೆಬ್ಬೂರು ದಾಟಿ ಕುಣಿಗಲ್ ಮುಟ್ಟುವ ಹೊತ್ತಿಗೆ ನಾನೂ ಟೈಲರಮ್ಮನೂ ಗಂಟಲು ಬಿದ್ದು ಹೋಗುವಷ್ಟು ಕೂಗಿಕೊಂಡಿದ್ದೆವು, ಸುಮ್ಮನೆ, ಖುಷಿಗೆ. ಕುಣಿಗಲ್ ಕೆರೆ ಏರಿಯ ಹತ್ತಿರ ಪಿಟಿ ಟೀಚರ್ ಟ್ರ್ಯಾಕ್ ಪ್ಯಾಂಟಿನಲ್ಲೇ ಕಾದಿದ್ದಳು, ವಿಷಲ್ ಊದಿ ನಮ್ಮನ್ನು ಸಾಲಾಗಿ ನಿಲ್ಲಿಸಿದಳು. ಆಮೇಲೆ ನಲವತ್ತೈದರ ವೇಗ. ಯಡಿಯೂರಿನಲ್ಲಿ ಕೈ ಮುಗಿದು ಟೀ ಕುಡಿದೆವು. ಬೆಳ್ಳೂರು ಕ್ರಾಸಿನ ಹತ್ತಿರ ಒಬ್ಬ ಲಾರಿಯವನು ನನ್ನ ಚೀಲ ಓದಿಕೊಂಡು, ಕಿಟಕಿಯಿಂದ ತಲೆ ಹಾಕಿ, "ಹ್ಯಾಪಿ ಬರ್ತ್‌ಡೇ ಮೇಡಂ!" ಎಂದ. ಟೈಲರಮ್ಮ ಬೈಕು ಪಕ್ಕಕ್ಕೆ ನಿಲ್ಲಿಸಿ ನಗಬೇಕಾಯಿತು. ಮೇಲುಕೋಟೆಯ ಏರಿನಲ್ಲಿ ಮೂರೂ ಬೈಕುಗಳು ಸೆಕೆಂಡ್ ಗೇರಿಗೆ ಬಂದವು, ಆ ನೂರಿಪ್ಪತ್ತೈದೂ ಸೇರಿದಂತೆ. ಬೆಟ್ಟದ ಮೇಲೆ ನಿಂತಾಗ ಸೂರ್ಯ ಇನ್ನೂ ಒಂದು ಮಾರು ಮೇಲಿದ್ದ. ನನಗೆ ಅಷ್ಟು ಸಂತೋಷ ಯಾವಾಗ ಆಗಿತ್ತೋ ನೆನಪಿಲ್ಲ.

ಭಾನುವಾರ ದಾರಿಯಲ್ಲೇ ಗಂಡನ ಕೈಗೆ ಪುಳಿಯೋಗರೆ ಕೊಟ್ಟು, ಬಿಸಿಲು ಇಳಿಯುವ ಮೊದಲೇ ಊರು ಸೇರಿದೆ. ಅಪ್ಪ ಅಂಗಳದಲ್ಲಿ ಕಾಯಿ ಎಣಿಸುವ ನೆಪದಲ್ಲಿ ರಸ್ತೆಯನ್ನೇ ನೋಡುತ್ತಿದ್ದ. ಗಾಡಿ ಕೊಟ್ಟಿಗೆಗೆ ಬಿಟ್ಟು ಕೀ ಚಾಚಿದೆ. ಅವನ ಎರಡೂ ಕೈಯಲ್ಲಿ ಕಾಯಿ ಇದ್ದವು. "ನಿನ್ನತ್ರನೇ ಇರ್ಲಿ ಬುಡು" ಎಂದ. ಕೈ ಬಿಡುವಿಲ್ಲ ಎಂದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಸೋಮವಾರ ನಾನು ಏಳುವಷ್ಟರಲ್ಲಿ ಬೈಕು ಸ್ನಾನ ಮುಗಿಸಿ ವಿಭೂತಿ ಧರಿಸಿ ನಿಂತಿತ್ತು. ನಾನು ಕಟ್ಟೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆ. ಅಷ್ಟರಲ್ಲಿ ತಮ್ಮ ಹೊರಗೆ ಬಂದ. ಸೋಮವಾರದ ಕಟ್ಟಿಲ್ಲದ ಅವನ ಸ್ಕೂಟರ್ ಪಂಕ್ಚರ್ ಆಗಿತ್ತು, ನಿಟ್ಟೂರಿನಲ್ಲಿ ಯಾರನ್ನೋ ಕಾಣಬೇಕಿತ್ತು. ಅಪ್ಪ ಇತ್ತೀಚೆಗೆ ಮೆತ್ತಗಾಗಿದ್ದಾನೆ ಎಂದು ಅವನ ಎಣಿಕೆ.

"ಅಕ್ಕ ಎರಡು ದಿನ ಊರೂರು ಸುತ್ತಿ ಬಂದ್ಲು. ನಾನು ನಿಟ್ಟೂರಿಗೆ ಹಿಂಗೋಗಿ ಹಂಗೆ ಬತ್ತೀನಿ, ಅರ್ಧ ಗಂಟೆ. ಕೀ ಎಲ್ಲಪ್ಪ, ಮೊಳೆ ಮೇಲಿಲ್ಲ?"

ಅಪ್ಪ ಪೊರಕೆ ಕಟ್ಟುತ್ತಿದ್ದವನು ತಲೆಯನ್ನೂ ಎತ್ತಲಿಲ್ಲ. "ನನ್ನ ಯಾಕ್ಲಾ ಕೇಳ್ತೀಯ? ಗಾಡಿ ಕೀ ನಿಮ್ಮಕ್ಕನತ್ರ ಐತೆ. ಅವಳ್ನ ಕೇಳು."

ಒಳಗೆ ಅಮ್ಮ ಪಾತ್ರೆ ತೊಳೆಯುವ ಸದ್ದು ನಿಂತಿತು. ತಮ್ಮ ನನ್ನ ಮುಖ ನೋಡಿದ, ಹಳೆಯ ಚಕ್ಕುಲಿ ಸ್ನೇಹದ ನಗೆ ನಗುತ್ತ ಕೈ ಚಾಚಿದ. ನನಗೆ ಕಣ್ಣು ತುಂಬಿ ಬಂದಿತ್ತು, ಅದನ್ನು ಅವನಿಗೆ ತೋರಿಸುವ ಮನಸ್ಸಿರಲಿಲ್ಲ. ಲೋಟ ಎತ್ತಿ ಕಾಫಿಯನ್ನು ಪೂರ್ತಿ ಕುಡಿದು ಮುಗಿಸಿದೆ.

"ಇವತ್ತು ಸೋಮವಾರ ಕಣೋ," ಎಂದೆ. "ನಡ್ಕೊಂಡು ಹೋಗು."